ನಿವೃತ್ತಿಯ ನಂತರ ಸಾಗರದ ಹಳ್ಳಿಮನೆಯೋ, ಪೇಟೆಯೋ, ಮೈಸೂರೋ?

ಜಂಬಗಾರು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ರಾಷ್ಟ್ರೀಕೃತ ಬ್ಯಾಂಕೊಂದರಲ್ಲಿ ಕೆಲಸ ಮಾಡುತ್ತಿರುವ ನಾನು ಬರುವ ಮಾರ್ಚ್ ಕೊನೆಗೆ ಅರವತ್ತು ತುಂಬಿ ನಿವೃತ್ತನಾಗುತ್ತೇನೆ. ಸದ್ಯ ಬೆಂಗಳೂರಿನ ಬನಶಂಕರಿಯಲ್ಲಿ ಸ್ವಂತ ಫ್ಲ್ಯಾಟ್‌ ಇದೆ. ಅಲ್ಲಿ ನಾನು ಮತ್ತು ಪತ್ನಿ ಇಬ್ಬರೇ ಇದ್ದೇವೆ. ಮಗಳು, ಅಳಿಯ ವೈಟ್‌ಫೀಲ್ಡ್‌ನಲ್ಲಿದ್ದಾರೆ, ಮಗ ಜರ್ಮನಿಯಲ್ಲಿದ್ದಾನೆ.

ಸಾಗರ ಪೇಟೆಯಿಂದ ಹನ್ನೆರಡು ಕಿಲೋಮೀಟರ್ ಒಳಗೆ ತಂದೆಯವರ ಕಾಲದ ಹೆಂಚಿನ ಮನೆಯೂ ಒಂದೂವರೆ ಎಕರೆ ಅಡಿಕೆ ತೋಟವೂ ಇವೆ. ಫಸಲನ್ನು ಪ್ರತಿ ವರ್ಷ ಚೇಣಿಗೆ, ಅಂದರೆ ಮರದಲ್ಲಿರುವಾಗಲೇ ಗುತ್ತಿಗೆಗೆ, ಕೊಡುತ್ತಿದ್ದೇವೆ. ಮನೆಯ ಮಾಡು ಒಂದೆರಡು ಕಡೆ ಸೋರುತ್ತದೆ, ಜಂತಿಗಳಿಗೆ ಅಲ್ಲಲ್ಲಿ ಗೆದ್ದಲು ಹಿಡಿದಿದೆ, ಆದರೆ ಗೋಡೆ ಗಟ್ಟಿಯಾಗಿದೆ. ಫ್ಲ್ಯಾಟ್ ಮಾರಿ, ಆ ಹಣದಲ್ಲಿ ಈ ಮನೆಯನ್ನು ದುರಸ್ತಿ ಮಾಡಿಸಿಕೊಂಡು ಅಲ್ಲಿಯೇ ಇದ್ದುಬಿಡಬೇಕೆಂಬುದು ನನ್ನ ಬಹುಕಾಲದ ಆಸೆ.

ಪತ್ನಿ ಹುಟ್ಟಿ ಬೆಳೆದದ್ದೆಲ್ಲ ಬೆಂಗಳೂರಿನಲ್ಲಿ. ರಜೆಗೆ ಬಂದು ಹತ್ತು ದಿನ ಇರುವುದು ಬೇರೆ, ಮಳೆಗಾಲವಿಡೀ ಇರುವುದು ಬೇರೆ ಎಂದು ಅವಳು ಹೇಳುತ್ತಾಳೆ. ಅವಳ ಅಕ್ಕ ಮೈಸೂರಿನ ಸರಸ್ವತಿಪುರದಲ್ಲಿರುವುದರಿಂದ ಮೈಸೂರಾದರೆ ತನ್ನ ಆಕ್ಷೇಪವಿಲ್ಲ ಎಂಬುದು ಅವಳ ಅಭಿಪ್ರಾಯ. ನನಗೆ ಸಕ್ಕರೆ ಕಾಯಿಲೆ ಇದೆ, ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತೇನೆ, ಅವಳಿಗೆ ಮಂಡಿನೋವು. ನಿವೃತ್ತಿಯ ನಂತರ ಮಲೆನಾಡಿಗೆ ಮರಳಿದವರು, ಮರಳಬೇಕೆಂದಿದ್ದು ಬಿಟ್ಟವರು ತಮ್ಮ ಅನುಭವವನ್ನು ತಿಳಿಸಿದರೆ ಉಪಕಾರವಾಗುತ್ತದೆ. ಊರಿನ ಚೆಲುವು ನನಗೆ ಗೊತ್ತಿದೆ, ನಾನು ಕೇಳುತ್ತಿರುವುದು ಉಳಿದ ಸಂಗತಿಗಳನ್ನು.

ಇಕ್ಕೇರಿದಾರಿ

ನಮಸ್ಕಾರ ಸಾರ್. ನಾನು ಪ್ರೌಢಶಾಲೆಯ ಮೇಷ್ಟರಾಗಿದ್ದು ನಿವೃತ್ತನಾದವನು. ಸಾಗರ ಪೇಟೆಯಲ್ಲೇ ಇದ್ದೇನೆ. ನಿಮ್ಮ ಪ್ರಶ್ನೆಯಲ್ಲಿ ಸಾಗರ ಮತ್ತು ನಿಮ್ಮ ಹಳ್ಳಿ ಒಂದೇ ಆಯ್ಕೆಯಾಗಿ ಬಂದಿವೆ. ವಯಸ್ಸಾದವರ ಮಟ್ಟಿಗೆ ಅವು ಎರಡು ಬೇರೆ ಊರುಗಳು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಪೇಟೆಯಲ್ಲಿ ಉಪವಿಭಾಗೀಯ ಆಸ್ಪತ್ರೆಯಿದೆ, ಖಾಸಗಿ ವೈದ್ಯರಿದ್ದಾರೆ, ಔಷಧದ ಅಂಗಡಿ, ಬ್ಯಾಂಕು, ತರಕಾರಿ ಎಲ್ಲವೂ ನಡೆದು ಹೋಗುವ ದೂರದಲ್ಲಿವೆ. ತಾಳಗುಪ್ಪದಿಂದ ಹೊರಡುವ ರಾತ್ರಿಯ ರೈಲನ್ನು ನಮ್ಮ ನಿಲ್ದಾಣದಲ್ಲಿ ಹತ್ತಿದರೆ ಬೆಳಗಿನ ಜಾವಕ್ಕೆ ಬೆಂಗಳೂರು ಮುಟ್ಟಬಹುದು. ಹಿರಿಯ ನಾಗರಿಕರಿಗೆ ರೈಲಿನಲ್ಲಿದ್ದ ರಿಯಾಯಿತಿಯನ್ನು 2020ರ ಮಾರ್ಚ್‌ನಲ್ಲಿ ತೆಗೆದವರು ಮತ್ತೆ ಕೊಡಲಿಲ್ಲ ಎಂಬುದು ಬೇರೆ ಮಾತು. 2023ರಿಂದ ಶಿವಮೊಗ್ಗದ ಸೋಗಾನೆಯಲ್ಲಿ ವಿಮಾನ ನಿಲ್ದಾಣವೂ ಇದೆ. ಹೊತ್ತು ಕಳೆಯುವ ಚಿಂತೆಯಂತೂ ಇಲ್ಲ. 1949ರಲ್ಲಿ ಹುಟ್ಟಿದ ನಾಟಕ ಸಂಸ್ಥೆ ನೀನಾಸಂ ಪಕ್ಕದ ಹೆಗ್ಗೋಡಿನಲ್ಲಿದೆ, ನಾಟಕ ನೋಡಿ ರಾತ್ರಿಯೇ ಮನೆಗೆ ಬರಬಹುದು. ಯಕ್ಷಗಾನಕ್ಕೆ, ತಾಳಮದ್ದಲೆಗೆ, ಸಂಗೀತಕ್ಕೆ ಇಷ್ಟು ಚಿಕ್ಕ ಊರಿನಲ್ಲಿ ಸಿಗುವ ಕೇಳುಗರು ದೊಡ್ಡ ಪಟ್ಟಣಗಳಲ್ಲೂ ಸಿಗಲಾರರು. ಮೂರು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆಯ ದಿನಗಳಲ್ಲಿ ಮಾತ್ರ ಪೇಟೆಯಲ್ಲಿ ನಡೆದಾಡುವುದೂ ಕಷ್ಟ.

ಇನ್ನು ಹಳ್ಳಿ. ಮಲೆನಾಡಿನ ಮಳೆಯಲ್ಲಿ ಮುದುಕರನ್ನು ಕೆಡವುವುದು ಗುಡುಗು, ಸಿಡಿಲು, ಗಾಳಿಗಳಿಗಿಂತ ಹೆಚ್ಚಾಗಿ ಅಂಗಳದ ಹಾವಸೆ, ಅಂದರೆ ಪಾಚಿ. ಆಷಾಢದ ಹೊತ್ತಿಗೆ ಅಂಗಳ, ಬಾವಿಕಟ್ಟೆ, ಬಚ್ಚಲಿನ ಮೆಟ್ಟಿಲು ಎಲ್ಲ ಜಾರುತ್ತವೆ. ಅಡಿಕೆ ಮರ ಸೀಳಿದ ದಬ್ಬೆ ಹಾಸಿದರೂ ಆ ದಬ್ಬೆಯೇ ಹಾವಸೆ ಹಿಡಿಯುತ್ತದೆ. ತೊಡೆಯ ಮೂಳೆ ಮುರಿದು ಮಲಗಿದ ಎಷ್ಟೋ ಹಿರಿಯರನ್ನು ನಾನು ಕಂಡಿದ್ದೇನೆ. ಅವರಲ್ಲಿ ಕೆಲವರು ಮತ್ತೆ ಎದ್ದು ಓಡಾಡಲಿಲ್ಲ. ಪತ್ನಿಯವರಿಗೆ ಮಂಡಿನೋವಿದೆ ಎಂದಿರಿ, ಆದ್ದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ. ಮರ ಬಿದ್ದು ತಂತಿ ಹರಿದರೆ ಕರೆಂಟು ಎರಡು ಮೂರು ದಿನ ಬಾರದಿರುವುದೂ ಉಂಟು. ಟವರಿನ ಬ್ಯಾಟರಿ ಮುಗಿದರೆ ಫೋನೂ ಸತ್ತಂತೆಯೇ. ನೀವು ಇನ್ಸುಲಿನ್ ತೆಗೆದುಕೊಳ್ಳುವವರಾದರೆ ಅದನ್ನು ತಂಪಾಗಿಡುವ ವ್ಯವಸ್ಥೆಯನ್ನೂ ಯೋಚಿಸಬೇಕು.

ಮಂಗನ ಕಾಯಿಲೆಯ ವಿಷಯವನ್ನು ಹೊರಗಿನವರು ಅತಿಯಾಗಿ ಹೆದರಿ ಹೇಳುತ್ತಾರೆ, ನಮ್ಮವರು ಅತಿಯಾಗಿ ಹಗುರ ಮಾಡುತ್ತಾರೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ ಮೊದಲು ಪತ್ತೆಯಾದ ಈ ರೋಗ 2018-19ರಲ್ಲಿ ನಮ್ಮದೇ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಜೀವಗಳನ್ನು ತೆಗೆದುಕೊಂಡಿತು. ಇದು ಉಣುಗಿನಿಂದ (ಉಣ್ಣೆ ಹುಳುವಿನಿಂದ) ಹರಡುತ್ತದೆ, ಡಿಸೆಂಬರ್‌ನಿಂದ ಮೇವರೆಗಿನ ಒಣ ತಿಂಗಳುಗಳಲ್ಲಿ ಹೆಚ್ಚು. ಹಿಂದೆ ಕೊಡುತ್ತಿದ್ದ ಲಸಿಕೆಯ ಪರಿಣಾಮ ಸಾಲದೆಂದು ಅದನ್ನು ನಿಲ್ಲಿಸಿದ್ದಾರೆ. ಮನೆಯಲ್ಲಿ ಕೂತವರಿಗಿಂತ ಕಾಡಿನ ಅಂಚಿಗೆ ದರಗು (ಒಣ ಎಲೆ) ಗುಡಿಸಲು, ಸೊಪ್ಪು ತರಲು ಹೋಗುವವರಿಗೆ ಅಪಾಯ ಜಾಸ್ತಿ. ನಿಮ್ಮ ತೋಟದ ಮೇಲ್ಭಾಗ ಸೊಪ್ಪಿನ ಬೆಟ್ಟಕ್ಕೆ (ತೋಟಕ್ಕೆ ಸೊಪ್ಪು ತರುವ ಕಾಡಿಗೆ) ತಾಗಿಕೊಂಡಿದೆಯೇ ಎಂಬುದನ್ನು ನೋಡಿಕೊಳ್ಳಿ.

ಕೊನೆಯದಾಗಿ, ಸಮಯ. ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಬಡಿದರೆ ಅದನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಅದಕ್ಕೂ ಮೊದಲು ತಲೆಯ ಸ್ಕ್ಯಾನ್ ಆಗಬೇಕು. ಸಾಗರದಿಂದ ಶಿವಮೊಗ್ಗಕ್ಕೆ ಸುಮಾರು 70 ಕಿಲೋಮೀಟರ್. ಪೇಟೆಯಿಂದ ಲೆಕ್ಕ ಹಾಕಿದರೆ ಸಮಯ ಸಾಲುತ್ತದೆ. ನಿಮ್ಮ ಹಳ್ಳಿಯಿಂದ, ನಡುರಾತ್ರಿ, ಮಳೆಯಲ್ಲಿ, ವಾಹನ ಹುಡುಕುವುದರಿಂದ ಮೊದಲ್ಗೊಂಡು ಲೆಕ್ಕ ಹಾಕಿ ನೋಡಿ.

ಕುಕ್ಕರಹಳ್ಳಿ

ನಾನು ಹೊಸನಗರ ತಾಲ್ಲೂಕಿನವನು, ನಿವೃತ್ತಿಯ ನಂತರ ಮೈಸೂರನ್ನು ಆರಿಸಿಕೊಂಡೆ. ಇಲ್ಲಿನ ಅನುಕೂಲಗಳಲ್ಲಿ ಮೊದಲನೆಯದು ಆಸ್ಪತ್ರೆ. ಜಯದೇವ ಹೃದ್ರೋಗ ಸಂಸ್ಥೆಯ ಶಾಖೆ ಇದೆ, ಕೆ.ಆರ್. ಆಸ್ಪತ್ರೆ ಇದೆ, ಜೆ.ಎಸ್.ಎಸ್. ಇದೆ. ಹಳೆಯ ಬಡಾವಣೆಗಳಲ್ಲಿ ರಸ್ತೆ ಬಹುಮಟ್ಟಿಗೆ ಸಮತಟ್ಟು, ಮರಗಳ ನೆರಳಿದೆ, ಬೆಳಿಗ್ಗೆ ಕೆರೆಯ ಏರಿಯ ಮೇಲೆ ನಡೆಯಲು ಬರುವ ನೂರಾರು ನಿವೃತ್ತರಲ್ಲಿ ನಿಮ್ಮ ಜೊತೆಗೆ ಮಾತಾಡುವವರು ಯಾರಾದರೂ ಸಿಕ್ಕೇ ಸಿಗುತ್ತಾರೆ.

ಆದರೆ ಮೈಸೂರು ಎಂದಾಗ ಯಾವ ಮೈಸೂರು ಎಂದು ಕೇಳಿಕೊಳ್ಳಬೇಕು. ಸರಸ್ವತಿಪುರ, ಜಯಲಕ್ಷ್ಮೀಪುರ, ಕುವೆಂಪುನಗರಗಳ ಮಾತು ಬೇರೆ. ಅಲ್ಲಿ ಮನೆಯ ಬೆಲೆ ಕೇಳಿ ಹಿಂದೆಗೆದವರು ಹೊರವಲಯದ ಹೊಸ ಖಾಸಗಿ ಬಡಾವಣೆಗಳಿಗೆ ಹೋಗುತ್ತಾರೆ. ಅಂಥ ಎಷ್ಟೋ ಕಡೆ ಕಾವೇರಿ, ಕಬಿನಿ ನೀರು ಇನ್ನೂ ಮನೆಯ ನಲ್ಲಿಗೆ ಬಂದಿಲ್ಲ, ಕೊಳವೆಬಾವಿಯೇ ಗತಿ. ಬಸ್ಸು ವಿರಳ, ರಾತ್ರಿ ಎಂಟಕ್ಕೆ ಬೀದಿ ನಿರ್ಜನ. ಹಳ್ಳಿಯ ಏಕಾಂತವೂ ಇಲ್ಲದ, ಪಟ್ಟಣದ ಸೌಲಭ್ಯವೂ ಇಲ್ಲದ ಜಾಗಗಳವು. ನಿಮ್ಮ ಅತ್ತಿಗೆಯವರ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಬಾಡಿಗೆಗಾದರೂ ಮನೆ ಸಿಗುವುದಾದರೆ ಮಾತ್ರ ಮೈಸೂರನ್ನು ಗಂಭೀರವಾಗಿ ಪರಿಗಣಿಸಿ ಎಂಬುದು ನನ್ನ ಸಲಹೆ. 2023ರ ಮಾರ್ಚ್‌ನಲ್ಲಿ ಬೆಂಗಳೂರಿನ ದಶಪಥ ಹೆದ್ದಾರಿ ಉದ್ಘಾಟನೆಯಾದ ಮೇಲೆ ಮಗಳು ಬಂದು ಹೋಗುವುದು ಸುಲಭ, ಅದೇ ಕಾರಣಕ್ಕೆ ಶನಿವಾರ, ಭಾನುವಾರಗಳಂದು ಊರಿನೊಳಗೆ ವಾಹನಗಳ ಹಾವಳಿಯೂ ಹೆಚ್ಚು. ಮೈಸೂರಿನಿಂದ ತಾಳಗುಪ್ಪಕ್ಕೆ ನೇರ ರೈಲಿರುವುದರಿಂದ ಅಡಿಕೆಯ ಕೊನೆಕೊಯ್ಲಿನ ಹೊತ್ತಿಗೆ ಊರಿಗೆ ಹೋಗಿಬರುವುದು ನನ್ನಂಥವರಿಗಿಂತ ನಿಮಗೆ ಸಲೀಸು.

ವರದಾತೀರ

ಇಲ್ಲಿ ಬರೆದವರೆಲ್ಲ ಗಂಡಸರು ಎಂದು ತೋರುತ್ತದೆ, ಹಾಗಾಗಿ ಒಂದು ಮಾತು ಸೇರಿಸುತ್ತೇನೆ. ನಮ್ಮ ಯಜಮಾನರೂ ನಿವೃತ್ತಿಯ ನಂತರ ಊರಿಗೇ ಬರಬೇಕೆಂದು ಹಟ ಹಿಡಿದವರು. ಬಂದೆವು, ಚೆನ್ನಾಗಿಯೇ ಇದ್ದೆವು. ಅವರಿಗೆ ತೋಟದಲ್ಲಿ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ನನ್ನ ದಿನವೆಲ್ಲ ಮನೆಯೊಳಗೆ. ಪೇಟೆಗೆ ಹೋಗಬೇಕಾದರೆ ಅವರು ಕಾರು ತೆಗೆಯಬೇಕಿತ್ತು. ಕೆಲವು ವರ್ಷಗಳ ನಂತರ ಅವರು ತೀರಿಕೊಂಡರು. ಆ ರಾತ್ರಿ ಕೇರಿಯವರೆಲ್ಲ ಬಂದರು, ಯಾರೋ ಜೀಪು ತಂದರು, ಯಾರೋ ಮಕ್ಕಳಿಗೆ ಫೋನು ಮಾಡಿದರು, ಹದಿಮೂರು ದಿನ ನಮ್ಮ ಮನೆಯ ಒಲೆ ನಾನು ಹಚ್ಚಲಿಲ್ಲ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಹೀಗೆ ಆಗುತ್ತಿತ್ತೆಂದು ನನಗೆ ಅನ್ನಿಸುವುದಿಲ್ಲ. ಹಳ್ಳಿಯ ಪರವಾಗಿ ಇದನ್ನು ಹೇಳಲೇಬೇಕು.

ಆಮೇಲಿನದು ಬೇರೆ. ನನಗೆ ಕಾರು ಓಡಿಸಲು ಬಾರದು. ಬಸ್ಸಿಗೆ ಒಂದೂವರೆ ಕಿಲೋಮೀಟರ್ ನಡೆಯಬೇಕು. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿಲ್ಲ, ನಿಜ, ಆದರೆ ನಮ್ಮ ಕಡೆ ಓಡುವವು ಹೆಚ್ಚಾಗಿ ಖಾಸಗಿ ಬಸ್ಸುಗಳು. ಕೇರಿಯ ಮನೆಗಳಲ್ಲಿ ಅರ್ಧಕ್ಕರ್ಧ ಮುದುಕರು; ಇನ್ನು ಕೆಲವಕ್ಕೆ ಬೀಗ. ಈಗ ಸಾಗರದಲ್ಲಿ ಚಿಕ್ಕ ಬಾಡಿಗೆ ಮನೆ ಮಾಡಿಕೊಂಡಿದ್ದೇನೆ. ತರಕಾರಿಗೆ, ದೇವಸ್ಥಾನಕ್ಕೆ, ಡಾಕ್ಟರ ಹತ್ತಿರಕ್ಕೆ ಯಾರನ್ನೂ ಕೇಳದೆ ಹೋಗಿಬರುತ್ತೇನೆ.

ಇಬ್ಬರೂ ಗಟ್ಟಿಯಾಗಿರುವಾಗ ಎಲ್ಲಿ ಚೆನ್ನ ಎಂದು ನೀವು ಕೇಳುತ್ತಿದ್ದೀರಿ. ಇಬ್ಬರಲ್ಲಿ ಒಬ್ಬರೇ ಉಳಿದಾಗ ಆ ಮನೆಯಲ್ಲಿ ಇರಲು ಸಾಧ್ಯವೇ ಎಂದು ಕೇಳಿಕೊಳ್ಳಿ. ಉಳಿಯುವವರು ನೀವಾದರೆ ಒಂದು ಉತ್ತರ ಬಂದೀತು, ನಿಮ್ಮ ಮನೆಯವರಾದರೆ ಇನ್ನೊಂದು ಬಂದೀತು. ಆ ಎರಡನೆಯ ಉತ್ತರವನ್ನು ಅವರ ಬಾಯಿಂದಲೇ ಕೇಳಿ.

ಲೆಕ್ಕಪತ್ರ

ವರದಾತೀರ ಅವರ ಮಾತಿಗೆ ಸೇರಿಸುವಂಥದ್ದು ನನ್ನಲ್ಲಿ ಏನೂ ಇಲ್ಲ. ಹಣದ ಬಗ್ಗೆ ಮಾತ್ರ ಎರಡು ಸಂಗತಿ.

ಫ್ಲ್ಯಾಟ್ ಮಾರಿ ಹಳೆಯ ಮನೆಯನ್ನು ದುರಸ್ತಿ ಮಾಡಿಸುವ ಯೋಜನೆಯಲ್ಲಿ ತೆರಿಗೆಯ ತೊಡಕಿದೆ. ಮನೆ ಮಾರಿ ಬಂದ ದೀರ್ಘಾವಧಿ ಲಾಭಕ್ಕೆ ವಿನಾಯಿತಿ ಬೇಕಾದರೆ ಮಾರುವ ಒಂದು ವರ್ಷ ಮೊದಲು ಅಥವಾ ಮಾರಿದ ಎರಡು ವರ್ಷದೊಳಗೆ ಬೇರೆ ಮನೆ ಕೊಳ್ಳಬೇಕು, ಇಲ್ಲವೇ ಮೂರು ವರ್ಷದೊಳಗೆ ಹೊಸದಾಗಿ ಕಟ್ಟಿಸಬೇಕು. ಈಗಾಗಲೇ ನಿಮ್ಮದೇ ಆಗಿರುವ ಮನೆಯ ಮಾಡು ಬದಲಿಸಿ, ನೆಲ ಹಾಕಿಸಿದ ಖರ್ಚು ಹೊಸ ಮನೆ ಕಟ್ಟಿದ ಲೆಕ್ಕಕ್ಕೆ ಬರುವುದಿಲ್ಲ. ಹಾಗಾದರೆ ಲಾಭದ ಮೇಲೆ ಶೇ. 12.5ರಷ್ಟು ತೆರಿಗೆ ಬೀಳುತ್ತದೆ; 2024ರ ಜುಲೈ 23ಕ್ಕಿಂತ ಮೊದಲು ಕೊಂಡ ಆಸ್ತಿಯಾಗಿದ್ದರೆ ಬೆಲೆಯೇರಿಕೆಯನ್ನು ಕಳೆದು ಶೇ. 20ರ ಲೆಕ್ಕದಲ್ಲಿ ಕಡಿಮೆ ಬರುತ್ತದೆಯೇ ಎಂದೂ ನೋಡಬಹುದು. ಮಾರುವ ಮೊದಲೇ ಒಬ್ಬ ಲೆಕ್ಕಪರಿಶೋಧಕರನ್ನು ಕಾಣಿ.

ಎರಡನೆಯದು, ಊರಿನ ಮನೆ ಕಾಗದದಲ್ಲಿ ಯಾರದು? ತಂದೆಯವರ ಹೆಸರಿನಲ್ಲೇ ಇದ್ದರೆ ಅಣ್ಣತಮ್ಮಂದಿರಷ್ಟೇ ಅಲ್ಲ, ಅಕ್ಕತಂಗಿಯರೂ ಪಾಲುದಾರರು. ಬಾಂಧವ್ಯ ಚೆನ್ನಾಗಿರುವಾಗಲೇ ವಿಭಾಗ ಪತ್ರವನ್ನೋ ಹಕ್ಕು ಬಿಡುಗಡೆ ಪತ್ರವನ್ನೋ ನೋಂದಣಿ ಮಾಡಿಸಿ, ಪಂಚಾಯಿತಿಯಲ್ಲಿ ಇ-ಸ್ವತ್ತು (ಮನೆಯ ಆನ್‌ಲೈನ್ ಖಾತೆ) ನಿಮ್ಮ ಹೆಸರಿಗೆ ಮಾಡಿಸಿಕೊಂಡ ಮೇಲೆ ಹಣ ಹಾಕುವುದು ಕ್ಷೇಮ. ದೊಡ್ಡ ಮೊತ್ತ ಸುರಿದ ಮೇಲೆ ಪಾಲಿನ ಮಾತು ಬಂದರೆ ಮನೆಯೂ ಕೆಡುತ್ತದೆ, ನಂಟೂ ಕೆಡುತ್ತದೆ.

ನನ್ನ ಕೇಳಿದರೆ ಎರಡು ವರ್ಷ ಏನನ್ನೂ ಮಾರಬೇಡಿ. ಬನಶಂಕರಿಯ ಫ್ಲ್ಯಾಟನ್ನು ಬಾಡಿಗೆಗೆ ಕೊಟ್ಟರೆ ಸಾಗರ ಪೇಟೆಯ ಬಾಡಿಗೆ ಕಳೆದೂ ಕೈಯಲ್ಲಿ ಉಳಿಯುತ್ತದೆ.

ಜಂಬಗಾರು

ಎಲ್ಲರಿಗೂ ಕೃತಜ್ಞತೆಗಳು. ವರದಾತೀರ ಅವರ ಪತ್ರವನ್ನು ಪತ್ನಿಗೆ ಓದಲು ಕೊಟ್ಟೆ. ಒಬ್ಬಳೇ ಉಳಿದರೆ ಹಳ್ಳಿಯಲ್ಲಿ ಒಂದು ವಾರವೂ ಇರಲಾರೆ, ಸಾಗರ ಪೇಟೆಯಲ್ಲಾದರೆ ಇದ್ದೇನು, ಮೈಸೂರಿನಲ್ಲಾದರೆ ಖಂಡಿತ ಇರುತ್ತೇನೆ ಎಂದು ಅವಳು ಹೇಳಿದಳು. ಇಷ್ಟು ನೇರವಾಗಿ ಈ ವಿಷಯವನ್ನು ನಾವು ಮಾತಾಡಿಯೇ ಇರಲಿಲ್ಲ. ಇಬ್ಬರು ತಂಗಿಯರಿಗೂ ಫೋನು ಮಾಡಿ ಕಾಗದಪತ್ರದ ಮಾತು ತೆಗೆದಿದ್ದೇನೆ.

ಸದ್ಯಕ್ಕೆ ಫ್ಲ್ಯಾಟ್ ಮಾರುವುದಿಲ್ಲ. ಬರುವ ಮಳೆಗಾಲದಲ್ಲಿ ಸಾಗರ ಪೇಟೆಯಲ್ಲಿ ಬಾಡಿಗೆ ಮನೆ ಹಿಡಿದು, ಅಲ್ಲಿಂದ ತೋಟಕ್ಕೆ ಹೋಗಿಬಂದು ನೋಡೋಣ ಎಂದುಕೊಂಡಿದ್ದೇವೆ. ಅದು ಅವಳಿಗೆ ಒಗ್ಗದಿದ್ದರೆ ಸರಸ್ವತಿಪುರ. ಇಕ್ಕೇರಿದಾರಿ ಅವರೇ, ಪೇಟೆಯಲ್ಲಿ ಎಂಥ ಕಡೆ ಮನೆ ನೋಡಬೇಕು?

ಇಕ್ಕೇರಿದಾರಿ

ಏರು ತಗ್ಗಿನ ಬೀದಿಗಳನ್ನು ಬಿಟ್ಟುಬಿಡಿ. ನಮ್ಮ ಊರಿನಲ್ಲಿ ಅವು ಬೇಕಾದಷ್ಟಿವೆ, ಮಂಡಿನೋವಿಗೆ ಆಗದು. ಆಸ್ಪತ್ರೆಗೂ ಬಸ್ ನಿಲ್ದಾಣಕ್ಕೂ ಆಟೋ ಇಲ್ಲದೆ ಹೋಗುವಂತಿರಲಿ. ನೆಲಮಹಡಿಯಲ್ಲೇ ಮಲಗುವ ಕೋಣೆ ಮತ್ತು ಬಚ್ಚಲು ಎರಡೂ ಇರಬೇಕು. ಮಳೆಗಾಲದಲ್ಲಿ ಬಟ್ಟೆ ಒಣಗಿಸಲು ಮಾಡಿನಡಿ ಜಾಗ ಇದೆಯೇ ಎಂದು ಪತ್ನಿಯವರು ನೋಡಿಕೊಳ್ಳಲಿ, ಅದಿಲ್ಲದ ಮನೆಯಲ್ಲಿ ಜುಲೈ ಕಳೆಯುವುದು ಕಷ್ಟ. ಏಪ್ರಿಲ್‌ನಲ್ಲಿ ಮನೆ ನೋಡಲು ಬಂದರೆ ಎಲ್ಲ ಗೋಡೆಗಳೂ ಒಣಗಿರುತ್ತವೆ, ಹೊಸ ಸುಣ್ಣವೂ ಬಿದ್ದಿರುತ್ತದೆ. ಆದ್ದರಿಂದ ಹಿಂದಿನ ಬಾಡಿಗೆದಾರರು ಯಾರೆಂದು ತಿಳಿದುಕೊಂಡು, ಮಳೆಯಲ್ಲಿ ಯಾವ ಗೋಡೆ ತೇವವಾಗುತ್ತದೆ ಎಂದು ಅವರನ್ನೇ ಕೇಳಿ. ಬರುವ ಮೊದಲು ಇಲ್ಲಿ ಒಂದು ಸಾಲು ಬರೆಯಿರಿ, ನಾಲ್ಕಾರು ಮನೆಗಳನ್ನು ಜೊತೆಗೆ ಹೋಗಿ ನೋಡೋಣ.