ಚೀನಾದ ರೇಷ್ಮೆ ಗುಟ್ಟಿನ ಕಥೆ: ನಿಜ ಎಷ್ಟು, ಕಟ್ಟುಕಥೆ ಎಷ್ಟು?

ಹಿಪ್ಪುನೇರಳೆ, ಶಿಡ್ಲಘಟ್ಟ:

ಎಲ್ಲರಿಗೂ ನಮಸ್ಕಾರ. ಇತಿಹಾಸ ಓದಿಕೊಂಡವರು ಯಾರಾದರೂ ಇದ್ದರೆ ಸ್ವಲ್ಪ ಬಿಡಿಸಿ ಹೇಳಿ. ನಮ್ಮ ಮನೆಯಲ್ಲಿ ತಾತನ ಕಾಲದಿಂದ ಹುಳ ಮೇಯಿಸುತ್ತೇವೆ, ಗೂಡು ಶಿಡ್ಲಘಟ್ಟ ಮಾರ್ಕೆಟ್ಟಿಗೇ ಹೋಗುತ್ತದೆ. ಅಕ್ಕನ ಮಗಳಿಗೆ ಸ್ಕೂಲಲ್ಲಿ ಚೀನಾದ ರಾಜವಂಶಗಳು ಮತ್ತು ರೇಷ್ಮೆ ಅಂತ ಪ್ರಾಜೆಕ್ಟ್ ಕೊಟ್ಟಿದ್ದಾರೆ. ನೆಟ್‌ನಲ್ಲಿ ಹುಡುಕಿದರೆ ಎಲ್ಲಾ ಕಡೆ ಒಂದೇ ಕಥೆ. ಲೇಯ್‌ಜು ಅನ್ನುವ ರಾಣಿ ಮರದ ಕೆಳಗೆ ಕೂತು ಚಹಾ ಕುಡಿಯುತ್ತಿದ್ದಳಂತೆ, ಗೂಡು ಬಂದು ಕಪ್ಪಿಗೆ ಬಿತ್ತಂತೆ, ಎತ್ತಿದರೆ ನೂಲು ಬಂತಂತೆ. ಆಮೇಲೆ ಈ ಗುಟ್ಟನ್ನು ಸಾವಿರಾರು ವರ್ಷ ಯಾರಿಗೂ ಬಿಟ್ಟುಕೊಡಲಿಲ್ಲವಂತೆ, ಮೊಟ್ಟೆ ಕದ್ದು ಸಾಗಿಸಿದವರಿಗೆ ಮರಣದಂಡನೆಯಂತೆ.

ನನಗೆ ಇದು ಮನಸ್ಸಿಗೆ ಒಪ್ಪುತ್ತಿಲ್ಲ. ಬಿಸಿನೀರಿಗೆ ಬಿದ್ದರೆ ಗೂಡು ಎಳೆ ಬಿಡುತ್ತದೆ, ಸರಿ. ಆದರೆ ಅದಕ್ಕೆ ಮುಂಚೆ ಚಾಕಿ (ಮರಿ ಹುಳ) ನೋಡಿಕೊಳ್ಳಬೇಕು, ಹೊತ್ತು ಹೊತ್ತಿಗೆ ಸೊಪ್ಪು ಹಾಕಬೇಕು, ಜ್ವರಕ್ಕೆ ಕೂತಾಗ, ಅಂದರೆ ಹುಳ ಪೊರೆ ಬಿಡುವಾಗ, ಸೊಪ್ಪು ನಿಲ್ಲಿಸಬೇಕು, ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾದ ಹುಳ ಆರಿಸಿ ಚಂದ್ರಿಕೆಗೆ (ಗೂಡು ಕಟ್ಟುವ ತಟ್ಟೆಗೆ) ಬಿಡಬೇಕು. ಇಷ್ಟೆಲ್ಲ ಒಬ್ಬ ರಾಣಿಗೆ ಒಂದು ಮಧ್ಯಾಹ್ನ ಹೊಳೆಯುವ ವಿಷಯವಾ? ಇನ್ನೊಂದು ಮಾತು. ರಾಜರ ಹೆಸರು ಎಲ್ಲಾ ಕಡೆ ಇದೆ. ಹುಳ ಮೇಯಿಸಿದವರು ಯಾರು, ಅವರಿಗೆ ಏನು ಸಿಕ್ಕಿತು ಅಂತ ಎಲ್ಲೂ ಕಾಣಲಿಲ್ಲ. ಮಗುವಿನ ಕೈಲಿ ಸರಿಯಾದ್ದು ಬರೆಸಬೇಕು ಅಂತ ಆಸೆ.

ಅಂತರಗಂಗೆ, ಕೋಲಾರ:

ಒಳ್ಳೆ ಪ್ರಶ್ನೆ. ಲೇಯ್‌ಜು ಕಥೆ ಪುರಾಣ. ಅವಳನ್ನು ಹಳದಿ ಚಕ್ರವರ್ತಿಯ ಹೆಂಡತಿ ಅನ್ನುತ್ತಾರೆ, ಆ ಚಕ್ರವರ್ತಿಯೇ ಪುರಾಣ ಪುರುಷ. ಅವಳು ರೇಷ್ಮೆ ದೇವತೆ ಆಗಿದ್ದು ಎಷ್ಟೋ ಕಾಲದ ಮೇಲೆ. ಮಣ್ಣಲ್ಲಿ ಸಿಕ್ಕಿರುವ ಸಾಕ್ಷಿ ಬೇರೆ ಇದೆ. 1926ರಲ್ಲಿ ಲೀ ಜೀ ಅನ್ನುವ ಪುರಾತತ್ವ ವಿದ್ವಾಂಸರು ಶಾನ್ಶೀ ಪ್ರಾಂತ್ಯದ ಶೀಯಿನ್ ಹಳ್ಳಿಯಲ್ಲಿ ಅಗೆದಾಗ ಅರ್ಧಕ್ಕೆ ಕತ್ತರಿಸಿದ ಒಂದು ಗೂಡು ಸಿಕ್ಕಿತು. ಅದು ಶಿಲಾಯುಗದ ನೆಲೆ. 1958ರಲ್ಲಿ ಜೆಜಿಯಾಂಗ್ ಪ್ರಾಂತ್ಯದ ಚಿಯಾನ್‌ಶಾನ್‌ಯಾಂಗ್ ಅನ್ನುವಲ್ಲಿ ರೇಷ್ಮೆ ಬಟ್ಟೆಯ ಚೂರುಗಳೇ ಸಿಕ್ಕವು, ಅವು ಸುಮಾರು ಕ್ರಿ.ಪೂ. 2700ರ ಹೊತ್ತಿನವು. ಅಂದರೆ ಶಾಂಗ್, ಝೌ, ಚಿನ್, ಹಾನ್ ಅಂತ ನಾವು ಪಟ್ಟಿ ಮಾಡುವ ಯಾವ ರಾಜವಂಶವೂ ಹುಟ್ಟುವ ಮುಂಚೆಯೇ ಹಳ್ಳಿಯವರು ರೇಷ್ಮೆ ಮಾಡುತ್ತಿದ್ದರು.

ಗುಟ್ಟಿನ ವಿಷಯಕ್ಕೆ ಬರೋಣ. ಸಾವಿರಾರು ವರ್ಷ ಯಾರಿಗೂ ಗೊತ್ತಿರಲಿಲ್ಲ ಅನ್ನುವುದು ಪಶ್ಚಿಮದ ಕಡೆಯಿಂದ ನೋಡಿದವರ ಮಾತು. ಜಪಾನಿನ ಜನ ಹಿಪ್ಪುನೇರಳೆ ಬೆಳೆಸಿ ಹುಳ ಸಾಕುತ್ತಾರೆ ಅಂತ 3ನೇ ಶತಮಾನದ ಚೀನಾದ ಇತಿಹಾಸ ಗ್ರಂಥದಲ್ಲೇ ಬರೆದಿದೆ. ಯೂರೋಪಿನ ಕಡೆಗೆ ಮೊಟ್ಟೆ ಹೋಗಿದ್ದು ತಡವಾಗಿ. ಸುಮಾರು 552ರಲ್ಲಿ ಸನ್ಯಾಸಿಗಳು ಬೈಜಾಂಟೈನ್ (ಪೂರ್ವ ರೋಮ್) ದೊರೆ ಜಸ್ಟಿನಿಯನ್‌ಗೆ ತಂದುಕೊಟ್ಟರು ಅಂತ ಆಗಿನ ಲೇಖಕರೇ ಬರೆದಿದ್ದಾರೆ.

ಇನ್ನೊಂದು ಕಥೆ ನಿಮ್ಮ ಮಗುವಿಗೆ ಇಷ್ಟ ಆಗುತ್ತದೆ. ನಮ್ಮ ಇಮ್ಮಡಿ ಪುಲಕೇಶಿ ಬಗ್ಗೆ ಬರೆದ ಹ್ಯೂಯೆನ್ ತ್ಸಾಂಗ್ ಇದ್ದಾನಲ್ಲ, ಅವನು 645ರಲ್ಲಿ ವಾಪಸ್ ಊರು ತಲುಪಿದ. ದಾರಿಯಲ್ಲಿ, ಈಗಿನ ಚೀನಾದ ಪಶ್ಚಿಮ ಭಾಗದಲ್ಲಿದ್ದ ಖೋತಾನ್ ರಾಜ್ಯದಲ್ಲಿ ಕೇಳಿದ ಕಥೆ ಬರೆದಿಟ್ಟಿದ್ದಾನೆ. ಅಲ್ಲಿನ ರಾಜ ಪೂರ್ವದ ರಾಜಕುಮಾರಿಯನ್ನು ಮದುವೆಯಾದ. ಆಕೆ ಗಡಿಯಲ್ಲಿ ತಪಾಸಣೆ ಮಾಡುವವರ ಕಣ್ಣು ತಪ್ಪಿಸಿ ಹುಳದ ಮೊಟ್ಟೆ, ಹಿಪ್ಪುನೇರಳೆ ಬೀಜ ಎರಡನ್ನೂ ತಲೆಯ ಅಲಂಕಾರದೊಳಗೆ ಬಚ್ಚಿಟ್ಟು ತಂದಳಂತೆ. ಸುಮಾರು 1900ರಲ್ಲಿ ಆರೆಲ್ ಸ್ಟೈನ್ ಅನ್ನುವ ಪುರಾತತ್ವ ವಿದ್ವಾಂಸ ಅಲ್ಲಿನ ಮರಳಲ್ಲಿ ಅಗೆದಾಗ ಇದೇ ಕಥೆಯ ಚಿತ್ರ ಇರುವ ಮರದ ಹಲಗೆ ಸಿಕ್ಕಿತು. ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಅದರಲ್ಲಿ ದಾಸಿಯೊಬ್ಬಳು ಕೈ ಎತ್ತಿ ರಾಜಕುಮಾರಿಯ ತಲೆ ಕಡೆ ಬೆರಳು ತೋರಿಸುತ್ತಿದ್ದಾಳೆ, ಮಧ್ಯದಲ್ಲಿ ಗೂಡು ತುಂಬಿದ ಬುಟ್ಟಿ ಇದೆ. ಪ್ರಾಜೆಕ್ಟಿಗೆ ಆ ಚಿತ್ರ ಅಂಟಿಸಲು ಹೇಳಿ.

ಮಗ್ಗದ ಮನೆ, ವೈ.ಎನ್. ಹೊಸಕೋಟೆ:

ಪಾವಗಡ ಕಡೆಯಿಂದ ನಾನೂ ಸೇರಿಸುತ್ತೇನೆ. ನಮ್ಮದು ನೇಯುವ ಮನೆ, ಹಾಗಾಗಿ ಬಟ್ಟೆ ಬಗ್ಗೆಯೇ ನನಗೆ ಆಸಕ್ತಿ ಜಾಸ್ತಿ. ಚೀನಾದ ಹಳೇ ರೇಷ್ಮೆ ಅಂದರೆ ಮಾವಾಂಗ್‌ದುಯ್ ಬಿಟ್ಟು ಮಾತಾಡಲು ಆಗುವುದಿಲ್ಲ. 1972ರಲ್ಲಿ ಚಾಂಗ್‌ಶಾ ಊರಿನ ಹತ್ತಿರ ಹಾನ್ ಕಾಲದ ಒಂದು ಸಮಾಧಿ ತೆಗೆದರು. ಶಿನ್ ಝುಯ್ ಅನ್ನುವ ಸಿರಿವಂತ ಹೆಂಗಸಿನದು, ಕ್ರಿ.ಪೂ. 2ನೇ ಶತಮಾನ. ಮೈ ಚರ್ಮ ಕೂಡ ಮೆತ್ತಗೇ ಇತ್ತು. ಆಕೆಯ ಜೊತೆ ಇಟ್ಟಿದ್ದ ಬಟ್ಟೆಗಳಲ್ಲಿ ಒಂದು ನಿಲುವಂಗಿ ಇದೆ. ಉದ್ದ 128 ಸೆಂಟಿಮೀಟರ್, ತೋಳು ಚಾಚಿದರೆ ಸುಮಾರು 190. ಅಷ್ಟು ದೊಡ್ಡ ಅಂಗಿಯ ಪೂರ್ತಿ ತೂಕ 49 ಗ್ರಾಂ!

ನಮ್ಮ ಕಡೆ ಸೀರೆ ತೂಕದ ಮೇಲೆ ರೇಟು ಮಾತಾಡುವವರಿಗೆ ಇದು ಎಂಥ ಕೆಲಸ ಅಂತ ಗೊತ್ತಾಗುತ್ತದೆ. ಈಗಿನವರು ಅದರ ಪ್ರತಿ ಮಾಡಲು ಹೋದರೆ ಮೊದಲಿಗೆ 80 ಗ್ರಾಂ ದಾಟಿತು. ಕಾರಣ ಕೈಚಳಕ ಅಲ್ಲ, ಹುಳ. ಈಗಿನ ಹುಳ ದಪ್ಪ, ಅದರ ಎಳೆಯೂ ದಪ್ಪ. ಕೊನೆಗೆ ಮೂರೇ ಜ್ವರಕ್ಕೆ ಗೂಡು ಕಟ್ಟುವ ಹುಳದ ಎಳೆ ತಂದು ನಾನ್‌ಜಿಂಗ್‌ನ ನೇಕಾರರು ವರ್ಷಗಟ್ಟಲೆ ಕೂತು 2019ರಲ್ಲಿ ಸರಿ ತೂಕಕ್ಕೆ ತಂದರು.

ಇನ್ನು ಮಗ್ಗ. ಚೆಂಗ್ಡು ಊರಿನ ಲಾವೊಗುವಾನ್‌ಶಾನ್‌ನಲ್ಲಿ 2012–13ರಲ್ಲಿ ಹಾನ್ ಕಾಲದ ಸಮಾಧಿಯಿಂದ ಮರದ ನಾಲ್ಕು ಪುಟ್ಟ ಮಗ್ಗಗಳು ಸಿಕ್ಕವು. ಆಟದ ಸಾಮಾನಲ್ಲ, ಹೂವು ಬಳ್ಳಿ ವಿನ್ಯಾಸ ನೇಯುವ ನಿಜವಾದ ಮಗ್ಗದ ಮಾದರಿ. ಫ್ರಾನ್ಸಿನಲ್ಲಿ ವಿನ್ಯಾಸ ನೇಯುವ ಜಕಾರ್ಡ್ ಯಂತ್ರ ಬಂದಿದ್ದು 1800ರ ಸುಮಾರಿಗೆ. ಅದಕ್ಕಿಂತ ಎರಡು ಸಾವಿರ ವರ್ಷ ಮುಂಚೆ ಇವರು ವಿನ್ಯಾಸವನ್ನು ಮಗ್ಗದಲ್ಲೇ ಕಟ್ಟಿಡುತ್ತಿದ್ದರು. ನನಗೆ ಅರಮನೆಗಳಿಗಿಂತ ಇದೇ ದೊಡ್ಡ ಪರಂಪರೆ ಅನ್ನಿಸುತ್ತದೆ.

ಹಿಪ್ಪುನೇರಳೆ, ಶಿಡ್ಲಘಟ್ಟ:

ಅಣ್ಣ, ಮೂರೇ ಜ್ವರವಾ? ನಮ್ಮ ಮಿಶ್ರ ತಳಿ, ಸಿಎಸ್‌ಆರ್ ತಳಿಯ ಹುಳ ಎಲ್ಲಾ ನಾಲ್ಕು ಜ್ವರ ಮುಗಿಸಿಯೇ ಹಣ್ಣಾಗುವುದು. ಅಮ್ಮನಿಗೆ ಹೇಳಿದೆ, ಮೂರಕ್ಕೆ ಕಟ್ಟಿದರೆ ಗೂಡು ಎಷ್ಟು ಸಣ್ಣ ಇರಬೇಕು ಅಂದರು. ಹಳೇ ಕಾಲದಲ್ಲಿ ಎಲ್ಲಾ ಕಡೆ ಅಂಥದ್ದೇ ಹುಳ ಇತ್ತಾ?

ಓದುಗಿ, ಚಿಂತಾಮಣಿ:

ಎಲ್ಲಾ ಕಡೆ ಅಂತ ಅಲ್ಲ, ಆದರೆ ಜ್ವರದ ಲೆಕ್ಕಕ್ಕೆ ಒಂದು ಚೆಂದದ ಚಿತ್ರಸಾಕ್ಷಿ ಇದೆ. ದಕ್ಷಿಣ ಸಾಂಗ್ ಕಾಲದಲ್ಲಿ, ಸುಮಾರು 1145ರಲ್ಲಿ, ಹಾಂಗ್‌ಝೌ ಹತ್ತಿರದ ಒಂದು ತಾಲ್ಲೂಕಿನ ಅಧಿಕಾರಿ ಲೌ ಶು ಅಂತ ಇದ್ದ. ಉಳುಮೆ ಮತ್ತು ನೇಯ್ಗೆಯ ಕೆಲಸಗಳನ್ನು ಒಂದೊಂದಾಗಿ ಚಿತ್ರ ಬರೆಸಿ, ಪ್ರತಿ ಚಿತ್ರಕ್ಕೂ ಒಂದು ಪದ್ಯ ಸೇರಿಸಿ ಚಕ್ರವರ್ತಿಗೆ ಒಪ್ಪಿಸಿದ. ಭತ್ತಕ್ಕೆ 21 ಚಿತ್ರ, ರೇಷ್ಮೆಗೆ 24. ಮೊಟ್ಟೆ ತೊಳೆಯುವುದು, ಮರಿ ಇಳಿಸುವುದು, ಸೊಪ್ಪು ಹಾಕುವುದು, ಆಮೇಲೆ ಒಂದನೇ, ಎರಡನೇ, ಮೂರನೇ ಜ್ವರ. ಅಲ್ಲಿಗೆ ಜ್ವರ ಮುಗಿಯಿತು! ಮುಂದಿನ ಚಿತ್ರಗಳಲ್ಲಿ ತಟ್ಟೆ ವಿಂಗಡಿಸುವುದು, ಮರ ಹತ್ತಿ ಸೊಪ್ಪು ಕೊಯ್ಯುವುದು, ಹಣ್ಣಾದ ಹುಳ ಆರಿಸುವುದು. ಗೂಡು ಕಟ್ಟುವಾಗ ಕೆಳಗೆ ಕೆಂಡ ಇಟ್ಟು ಬೆಚ್ಚಗೆ ಮಾಡುವುದಕ್ಕೇ ಒಂದು ಚಿತ್ರ ಇದೆ. ನಿಮ್ಮ ಅಮ್ಮನಿಗೆ ಆ ಚಿತ್ರಗಳನ್ನು ತೋರಿಸಿ, ಒಂದು ಅಕ್ಷರ ಓದದೆ ಯಾವ ಕೆಲಸ ಅಂತ ಹೇಳುತ್ತಾರೆ. 1696ರಲ್ಲಿ ಚಿಂಗ್ ವಂಶದ ಕಾಂಗ್‌ಶಿ ಚಕ್ರವರ್ತಿ ಇವನ್ನು ಹೊಸದಾಗಿ ಬರೆಸಿ ಅಚ್ಚು ಹಾಕಿಸಿದ, ಹಾಗಾಗಿ ಹುಡುಕಿದರೆ ಸುಲಭವಾಗಿ ಸಿಗುತ್ತವೆ. ಆ ಚಿತ್ರಗಳಲ್ಲಿ ಹುಳದ ಮನೆ ತುಂಬ ಹೆಂಗಸರೇ.

ನೀವು ಕೇಳಿದ ಎರಡನೇ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ, ನನಗೆ ಅದೇ ಮುಖ್ಯ. ಮೇಯಿಸಿದವರಿಗೆ ಏನು ಸಿಕ್ಕಿತು? ಮೊದಲು ಸಿಕ್ಕಿದ್ದು ಕಂದಾಯ. ತಾಂಗ್ ವಂಶದ ಮೊದಲ ಭಾಗದಲ್ಲಿ ಪ್ರತಿ ವಯಸ್ಕ ಗಂಡಸಿನ ಲೆಕ್ಕಕ್ಕೆ ಜಮೀನು ಕೊಡುತ್ತಿದ್ದರು, ಅದರಲ್ಲಿ ಒಂದು ಭಾಗ ಹಿಪ್ಪುನೇರಳೆಯಂಥ ಮರಗಳಿಗೆ. ಬದಲಿಗೆ ವರ್ಷಕ್ಕೆ ಇಷ್ಟು ಧಾನ್ಯ, 20 ದಿನ ಬಿಟ್ಟಿ ಕೆಲಸ, ಜೊತೆಗೆ ರೇಷ್ಮೆ ಬೆಳೆಯುವ ಕಡೆ ಸುಮಾರು 6 ಮೀಟರ್ ರೇಷ್ಮೆ ಬಟ್ಟೆ ಮತ್ತು ಸ್ವಲ್ಪ ರೇಷ್ಮೆ ಹಂಜಿ ಕೊಡಬೇಕು. ಉದ್ದದಲ್ಲಿ ಒಂದು ಸೀರೆ ಅಂದುಕೊಳ್ಳಿ, ಅಗಲ ಮಾತ್ರ ಸೀರೆಯ ಅಗಲದ ಅರ್ಧ. ಲೆಕ್ಕ ಗಂಡಸಿನ ಹೆಸರಲ್ಲಿ, ಬಟ್ಟೆ ನೇಯುತ್ತಿದ್ದವಳು ಮನೆಯ ಹೆಂಗಸು. ಲಕ್ಷಾಂತರ ಮನೆಗಳಿಂದ ಹೀಗೆ ಬಂದ ರೇಷ್ಮೆಯಲ್ಲೇ ಸರ್ಕಾರ ಪಶ್ಚಿಮದ ಗಡಿಯ ಸೈನಿಕರಿಗೆ ಸಂಬಳ ಕೊಡುತ್ತಿತ್ತು. ಬಟ್ಟೆಯ ಸುರುಳಿಯೇ ದುಡ್ಡು. 755ರಲ್ಲಿ ಆನ್ ಲುಶಾನ್ ಅನ್ನುವ ಸೇನಾಪತಿ ದಂಗೆ ಎದ್ದಮೇಲೆ ಉತ್ತರದ ಉಯ್ಘುರ್ ಜನರಿಂದ ಕುದುರೆ ತರಿಸುವಾಗ ಒಂದೊಂದು ಕುದುರೆಗೆ 40 ಸುರುಳಿ ರೇಷ್ಮೆ ತೆತ್ತಿದ್ದಾರೆ.

ಸಾಂಗ್ ಕಾಲದಲ್ಲಿ ಇನ್ನೂ ದೊಡ್ಡ ಲೆಕ್ಕ. 1005ರಲ್ಲಿ ಉತ್ತರದ ಲಿಯಾವೊ ರಾಜ್ಯದ ಜೊತೆ ಒಪ್ಪಂದ ಆಯಿತು. ಯುದ್ಧ ಬೇಡ, ವರ್ಷಕ್ಕೆ 2 ಲಕ್ಷ ಸುರುಳಿ ರೇಷ್ಮೆ ಮತ್ತು 1 ಲಕ್ಷ ಲಿಯಾಂಗ್ (ಚೀನಾದ ಹಳೇ ತೂಕದ ಅಳತೆ) ಬೆಳ್ಳಿ ಕೊಡುತ್ತೇವೆ ಅಂತ. 1042ರಲ್ಲಿ ಅದು 3 ಲಕ್ಷ ಸುರುಳಿ, 2 ಲಕ್ಷ ಲಿಯಾಂಗ್ ಬೆಳ್ಳಿಗೆ ಏರಿತು. ಗಡಿಯಲ್ಲಿ ನೂರು ವರ್ಷದಷ್ಟು ಶಾಂತಿ ಇತ್ತು ಅಂತ ಪುಸ್ತಕದಲ್ಲಿ ಹೊಗಳುತ್ತಾರೆ, ಹೊಗಳಲಿ. ಆ ಶಾಂತಿಗೆ ರಾತ್ರಿ ಎದ್ದು ಸೊಪ್ಪು ಹಾಕಿದವರೂ ಬೆಲೆ ಕೊಟ್ಟಿದ್ದಾರೆ.

ದೇವರಾಯನದುರ್ಗ, ತುಮಕೂರು:

ಮೇಡಂ ಹೇಳಿದ್ದು ಸರಿ, ಆದರೆ ರಾಜವಂಶಗಳನ್ನು ಅಷ್ಟು ಸುಲಭಕ್ಕೆ ಪಕ್ಕಕ್ಕೆ ಇಡಬೇಡಿ. ಚಿಂಗ್ ದೊರೆಗಳು ನಾನ್‌ಜಿಂಗ್, ಸುಝೌ, ಹಾಂಗ್‌ಝೌ ಮೂರೂ ಕಡೆ ಸರ್ಕಾರಿ ನೇಯ್ಗೆ ಕಾರ್ಖಾನೆ ಇಟ್ಟಿದ್ದರಿಂದಲೇ ಅಷ್ಟು ನಾಜೂಕಿನ ಕೆಲಸ ಬದುಕಿತು. ನಾನ್‌ಜಿಂಗ್‌ನ ಯುನ್‌ಜಿನ್ ಜರಿ ಬಟ್ಟೆಗೆ ಈಗಲೂ ಒಂದು ಮಗ್ಗಕ್ಕೆ ಇಬ್ಬರು ಬೇಕು. ಒಬ್ಬರು ಮೇಲೆ ಕೂತು ದಾರ ಎಳೆಯುತ್ತಾರೆ, ಇನ್ನೊಬ್ಬರು ಕೆಳಗೆ ನೇಯುತ್ತಾರೆ. ದಿನವೆಲ್ಲ ಕೂತರೂ ಎರಡು ಇಂಚು ಮುಂದೆ ಹೋದರೆ ಹೆಚ್ಚು. ಇಂಥದ್ದಕ್ಕೆ ಅರಮನೆ ಬಿಟ್ಟು ಯಾರು ದುಡ್ಡು ಹಾಕುತ್ತಿದ್ದರು? ಅವರು ಹುಳಕ್ಕೆ ಮರ್ಯಾದೆಯನ್ನೂ ಕೊಟ್ಟರು. ಬೀಜಿಂಗ್‌ನ ಬೇಹಾಯ್ ಉದ್ಯಾನದಲ್ಲಿ 1742ರಲ್ಲಿ ಕಟ್ಟಿಸಿದ ರೇಷ್ಮೆ ದೇವತೆಯ ಗುಡಿ ಇದೆ. ಚಕ್ರವರ್ತಿ ನೇಗಿಲು ಹಿಡಿದು ಉಳುವ ಶಾಸ್ತ್ರ ಮಾಡಿದರೆ ರಾಣಿ ಅಲ್ಲಿ ಸೊಪ್ಪು ಕೊಯ್ಯುವ ಶಾಸ್ತ್ರ ಮಾಡುತ್ತಿದ್ದಳು.

ಮಗ್ಗದ ಮನೆ, ವೈ.ಎನ್. ಹೊಸಕೋಟೆ:

ಸರ್, ಅರಮನೆ ದುಡ್ಡು ಹಾಕಿತು, ಒಪ್ಪಿದೆ. ಆದರೆ ಅರಮನೆ ಬಟ್ಟೆಯ ಗತಿ ಏನಾಯಿತು ನೋಡಿ. ಮಿಂಗ್ ವಂಶದ ವಾನ್‌ಲಿ ಚಕ್ರವರ್ತಿಯ ಸಮಾಧಿ ದಿಂಗ್‌ಲಿಂಗ್ ಅನ್ನು 1956ರಿಂದ 58ರವರೆಗೆ ಅಗೆದು ತೆಗೆದರು. ಒಳಗೆ ಸುರುಳಿಗಟ್ಟಲೆ ರೇಷ್ಮೆ, ಡ್ರ್ಯಾಗನ್ ನಿಲುವಂಗಿಗಳು. ಹೊರಗಿನ ಗಾಳಿ ತಗುಲಿದ ಮೇಲೆ ಬಣ್ಣ ಹೋಯಿತು, ಬಟ್ಟೆ ಗಡುಸಾಗಿ ಪುಡಿಯಾಗತೊಡಗಿತು. ಉಳಿಸುವ ವಿದ್ಯೆ ಆಗ ಯಾರ ಹತ್ತಿರವೂ ಇರಲಿಲ್ಲ. ಆ ಪಾಠದಿಂದಲೇ ಚಕ್ರವರ್ತಿಗಳ ಸಮಾಧಿಗೆ ತಾವಾಗಿ ಕೈ ಹಾಕಬಾರದು ಅಂತ ಚೀನಾ ಸರ್ಕಾರ ತೀರ್ಮಾನಿಸಿತು, ಮಣ್ಣಿನ ಸೈನಿಕರ ಪ್ರತಿಮೆಗಳು ಸಿಕ್ಕ ಜಾಗದ ಪಕ್ಕದಲ್ಲೇ ಇರುವ ಚೀನಾದ ಮೊದಲ ಚಕ್ರವರ್ತಿ ಚಿನ್ ಶಿ ಹುವಾಂಗ್‌ನ ಸಮಾಧಿ ಗುಡ್ಡವನ್ನು ಇವತ್ತಿಗೂ ತೆರೆದಿಲ್ಲ. ಹಾಳಾದ ನಿಲುವಂಗಿಯ ಪ್ರತಿಯನ್ನು ನಾನ್‌ಜಿಂಗ್ ನೇಕಾರರೇ ಮತ್ತೆ ನೇಯ್ದುಕೊಟ್ಟರು. ಕೈಗೆ ಕೆಲಸ ಬರುತ್ತಿತ್ತು, ಅದಕ್ಕೇ ಆಯಿತು. 2009ರಲ್ಲಿ ಯುನೆಸ್ಕೋ ತನ್ನ ಪರಂಪರೆ ಪಟ್ಟಿಗೆ ಯುನ್‌ಜಿನ್ ನೇಯ್ಗೆಯನ್ನು ಸೇರಿಸಿತು. ಅದೇ ವರ್ಷ ಹುಳ ಸಾಕುವ ಕೆಲಸವನ್ನೂ, ರೇಷ್ಮೆ ಕಸುಬನ್ನೂ ಸೇರಿಸಿತು.

ಹಿಪ್ಪುನೇರಳೆ, ಶಿಡ್ಲಘಟ್ಟ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಲೌ ಶು ಚಿತ್ರಗಳು ಸಿಕ್ಕವು, ಮೇಡಂ ಹೇಳಿದ ಹಾಗೇ ಆಯಿತು. ಕೆಂಡದ ಚಿತ್ರ ನೋಡಿದ ತಕ್ಷಣ ಅಮ್ಮ ಗುರುತು ಹಿಡಿದರು, ನಮ್ಮಲ್ಲೂ ಮಳೆಗಾಲದಲ್ಲಿ ಹಾಗೇ ಇಡುತ್ತಿದ್ದೆವಲ್ಲ ಅಂದರು. ಪ್ರಾಜೆಕ್ಟಿನಲ್ಲಿ ಎಡಗಡೆ ಆ ಚಿತ್ರ, ಬಲಗಡೆ ನಮ್ಮ ಹುಳದ ಮನೆಯ ಫೋಟೋ ಹಾಕುತ್ತಾಳಂತೆ. ತಾಂಗ್ ಕಂದಾಯದ ಲೆಕ್ಕ ಮೊದಲ ಪುಟಕ್ಕೆ ಬರುತ್ತದೆ, ಚಹಾ ಕಪ್ಪಿನ ಕಥೆಯನ್ನು ಪುರಾಣ ಅಂತ ಹೇಳಿ ಒಂದೇ ಸಾಲಲ್ಲಿ ಮುಗಿಸುತ್ತಾಳೆ. ಅಣ್ಣ, ಚೆಂಗ್ಡು ಮಗ್ಗದ ಫೋಟೋ ನಿಮ್ಮ ಹತ್ತಿರ ಇದ್ದರೆ ಇಲ್ಲೇ ಹಾಕಿ, ಸೋಮವಾರ ಕೊಡಬೇಕು.