ಪಿ.ಪಿ. ಅಂದ್ರೆ ಪೊಲೀಸರ ವಕೀಲರಲ್ಲ

ಎಲ್ಲರಿಗೂ ನಮಸ್ಕಾರ. ನಮ್ಮಕ್ಕನ ಮೊಮ್ಮಗಳು ಎ.ಪಿ.ಪಿ., ಅಂದ್ರೆ ಸರ್ಕಾರದ ಪರ ಕ್ರಿಮಿನಲ್ ಕೇಸು ನಡೆಸೋ ಅಸಿಸ್ಟೆಂಟ್ ಪಬ್ಲಿಕ್ ಪ್ರಾಸಿಕ್ಯೂಟರ್ ಆಗಿ ಸೋಮವಾರ ಡ್ಯೂಟಿಗೆ ಸೇರ್ತಾಳೆ ಅಂತ ನಿನ್ನೆ ಗ್ರೂಪಲ್ಲಿ ನೋಡಿ ಮನಸ್ಸು ತುಂಬಿ ಬಂತು. ಅವಳು ಎರಡು ಪ್ರಶ್ನೆ ಹಾಕಿದ್ಲು. "ತಾತ, ಪಿ.ಪಿ. ಅಂದ್ರೆ ಪೊಲೀಸರ ವಕೀಲರು ತಾನೇ? ಮತ್ತೆ ಈ ಸುಧಾರಣೆ, ಹೊಸ ಕಾನೂನು ಎಲ್ಲ ಬಂದು ಕೋರ್ಟಲ್ಲಿ ನಿಜವಾಗ್ಲೂ ಏನಾದ್ರೂ ಬದಲಾಗಿದೆಯಾ?" ಟೈಪ್ ಮಾಡೋ ಬದಲು ಮಾತಾಡೇ ಹೇಳಿಬಿಡ್ತೀನಿ. ಉದ್ದ ಆಗುತ್ತೆ, ಪುರುಸೊತ್ತಾದಾಗ ಕೇಳಿ.

ಮೊದಲನೇದು ಒಂದು ಕಾಲಕ್ಕೆ ನಿಜವೇ ಆಗಿತ್ತಮ್ಮ. 1898ರ ಹಳೇ ಕ್ರಿಮಿನಲ್ ಪ್ರೊಸೀಜರ್ ಕೋಡ್, ಅಂದ್ರೆ ಕ್ರಿಮಿನಲ್ ಕೇಸು ಹೇಗೆ ನಡೀಬೇಕು ಅನ್ನೋ ಕಾನೂನು ಇದ್ದಾಗ ಮ್ಯಾಜಿಸ್ಟ್ರೇಟ್ ಕೋರ್ಟುಗಳಲ್ಲಿ ಹೆಚ್ಚಿನ ಕೇಸು ನಡೆಸ್ತಿದ್ದೋರು ಪೊಲೀಸ್ ಇಲಾಖೆಯ ಪ್ರಾಸಿಕ್ಯೂಟರುಗಳೇ. ಇದು ಸರಿಯಲ್ಲ, ಬೇರ್ಪಡಿಸಿ ಅಂತ 1958ರಲ್ಲೇ ಲಾ ಕಮಿಷನ್ ತನ್ನ 14ನೇ ವರದೀಲಿ ಹೇಳಿತ್ತು. 1974ರ ಏಪ್ರಿಲ್ 1ಕ್ಕೆ ಹೊಸ ಕೋಡ್ ಜಾರಿಗೆ ಬಂದಾಗ 25ನೇ ಸೆಕ್ಷನ್ನಲ್ಲಿ ಪೊಲೀಸ್ ಅಧಿಕಾರಿ ಎ.ಪಿ.ಪಿ. ಆಗೋ ಹಾಗಿಲ್ಲ ಅಂತ ಬರೆದ್ರು. ಬೇರೆ ಯಾರೂ ಸಿಗದಿದ್ದಾಗ ಮಾತ್ರ ವಿನಾಯಿತಿ, ಅದೂ ಆ ಕೇಸಿನ ತನಿಖೇಲಿ ಕೈ ಹಾಕಿರಬಾರದು. 1995ರಲ್ಲಿ ಮಹಾರಾಷ್ಟ್ರದ ಶಹಾಣೆ ಕೇಸಲ್ಲಿ ಸುಪ್ರೀಂ ಕೋರ್ಟು ಎ.ಪಿ.ಪಿ.ಗಳು ಪೊಲೀಸ್ ಇಲಾಖೆಯ ಹಿಡಿತದಲ್ಲಿ ಇರಬಾರದು, ಅವರಿಗೆ ಪ್ರತ್ಯೇಕ ಕೇಡರ್ ಬೇಕು ಅಂತು. ಹಾಗಾಗಿ ನೀನು ಪೊಲೀಸರ ವಕೀಲಳಲ್ಲ, ಸರ್ಕಾರದ ಪರವಾಗಿ ಕೋರ್ಟಿಗೆ ಸತ್ಯ ಮುಟ್ಟಿಸೋಳು. ಆರೋಪಿಗೆ ಅನುಕೂಲವಾದ ಕಾಗದ ಫೈಲಲ್ಲಿದ್ರೆ ಅದನ್ನೂ ಮುಂದಿಡಬೇಕು.

ಆದ್ರೆ ಪುಸ್ತಕದಲ್ಲಿದ್ದ ಆ ಬೇರ್ಪಡಿಕೆಯನ್ನ ಟೇಬಲ್ ಮೇಲೆ ತಂದೋರು ಪ್ರಾಸಿಕ್ಯೂಷನ್ ಕಡೆ ನನ್ನ ಜೊತೆ ಕೆಲಸ ಮಾಡಿದ ಸಹೋದ್ಯೋಗಿಗಳು. ಅವರನ್ನ ನೆನೆಸಿಕೊಂಡ್ರೆ ಈಗಲೂ ಎದೆ ಉಬ್ಬುತ್ತೆ. ಹಿರಿಯ ಎ.ಪಿ.ಪಿ.ಗಳು ಚಾರ್ಜ್‌ಶೀಟನ್ನ ಮೊದಲ ಪುಟದಿಂದ ಓದ್ತಾನೇ ಇರಲಿಲ್ಲ. ಮೊದಲು ರಿಮ್ಯಾಂಡ್ ತಾರೀಖು, ಅಂದ್ರೆ ಆರೋಪಿಯನ್ನ ಕಸ್ಟಡಿಗೆ ಕಳಿಸಿದ ದಿನ ನೋಡೋರು. ಆರೋಪಿ ಒಳಗಿದ್ರೆ ಅಪರಾಧಕ್ಕೆ ತಕ್ಕ ಹಾಗೆ 60 ಇಲ್ಲಾ 90 ದಿನದೊಳಗೆ ಚಾರ್ಜ್‌ಶೀಟ್ ಹಾಕಬೇಕು. ಮ್ಯಾಜಿಸ್ಟ್ರೇಟ್ ರಿಮ್ಯಾಂಡ್ ಮಾಡಿದ ದಿನವೇ ಒಂದನೇ ದಿನ, 2023ರಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಆ ಗೊಂದಲ ಮುಗಿಸಿದೆ. ಕೊನೇ ದಿನ ಭಾನುವಾರ ಬಂದ್ರೆ ಶನಿವಾರವೇ ಹಾಕಿಸು. ಒಂದು ದಿನ ತಪ್ಪಿತು ಅಂದ್ರೆ ಆರೋಪಿಗೆ ಡಿಫಾಲ್ಟ್ ಬೇಲ್, ಅಂದ್ರೆ ಗಡುವು ಮೀರಿದ್ದಕ್ಕೇ ಸಿಗೋ ಜಾಮೀನಿನ ಹಕ್ಕು ಹುಟ್ಟುತ್ತೆ, ಅವನು ಅದನ್ನ ಕೇಳಿದ ಮೇಲೆ ನೀನು ಎಷ್ಟು ವಾದ ಮಾಡಿದ್ರೂ ಪ್ರಯೋಜನ ಇಲ್ಲ.

ಆಮೇಲೆ ಕಾಗದಗಳನ್ನ ಪಕ್ಕ ಪಕ್ಕ ಇಟ್ಟು ಓದೋರು. ದೂರು ಎಷ್ಟು ಗಂಟೆಗೆ, ಎಫ್.ಐ.ಆರ್. ಎಷ್ಟು ಗಂಟೆಗೆ, ಅದು ಮ್ಯಾಜಿಸ್ಟ್ರೇಟರಿಗೆ ತಲುಪಿದ್ದು ಎಷ್ಟು ಗಂಟೆಗೆ ಅಂತ ಅದರ ಮೇಲಿನ ಷರಾದಲ್ಲಿ ಇರುತ್ತೆ. ಅದನ್ನ ಗಾಯದ ಸರ್ಟಿಫಿಕೇಟ್ ಜೊತೆ ಹೋಲಿಸಬೇಕು. ದೂರಲ್ಲಿ ದೊಣ್ಣೆ ಏಟು ಅಂತಿದ್ದು, ಡಾಕ್ಟರು 'ಬಿದ್ದು ಗಾಯ' ಅಂತ ಬರ್ಕೊಂಡಿದ್ರೆ ಆ ಮಾತು ಹೇಳಿದ್ದು ಯಾರು, ಗಾಯಾಳುವೋ ಕರ್ಕೊಂಡು ಬಂದೋರೋ, ಅದು ಆಗಲೇ ತಿಳೀಬೇಕು. ಎದುರು ವಕೀಲರು ಸಾಕ್ಷಿಯನ್ನ ಪ್ರಶ್ನಿಸೋ ಪಾಟೀ ಸವಾಲಲ್ಲಿ ಮೊದಲ ಸಲ ತಿಳಿದ್ರೆ ಕೇಸು ಅಲ್ಲೇ ಕುಸಿಯುತ್ತೆ.

ಮುದ್ದೆಮಾಲು, ಅಂದ್ರೆ ಕೇಸಲ್ಲಿ ವಶಪಡಿಸಿಕೊಂಡ ವಸ್ತುಗಳ ವಿಷಯದಲ್ಲಂತೂ ನಿಧಾನ ಮಾಡು. ಮಹಜರಲ್ಲಿ '18 ಇಂಚಿನ ಮರದ ಹಿಡಿಯ ಮಚ್ಚು' ಅಂತಿರುತ್ತೆ. ಪ್ರಾಪರ್ಟಿ ಫಾರಂಗೆ ಬರೋ ಹೊತ್ತಿಗೆ ಬರೀ 'ಮಚ್ಚು' ಆಗುತ್ತೆ. ಎಫ್.ಎಸ್.ಎಲ್., ಅಂದ್ರೆ ಫೊರೆನ್ಸಿಕ್ ಲ್ಯಾಬಿನ ರಸೀದೀಲಿ 'ಒಂದು ಚಾಕು' ಆಗಿರುತ್ತೆ. ಮೂರೂ ಒಂದೇ ವಸ್ತು ಅನ್ನೋದು ಠಾಣೆಯವರಿಗೆ ಗೊತ್ತು, ಆದ್ರೆ ಜಡ್ಜ್ ಮುಂದೆ ಇರೋದು ಮೂರು ಬೇರೆ ಬೇರೆ ಹೆಸರು. ಅದಕ್ಕೇ ವಸ್ತು ಮೇಲೆ ಪಂಚರ (ಮಹಜರಿಗೆ ಸಾಕ್ಷಿ ನಿಂತೋರ) ಸಹಿ ಚೀಟಿ ಇದೆಯಾ, ಸೀಲಿನ ಗುರುತು ಮಹಜರಲ್ಲಿ ಬರೆದಿದೆಯಾ, ಅದೇ ಗುರುತು ಎಫ್.ಎಸ್.ಎಲ್. ವರದೀಲಿ ಬಂದಿದೆಯಾ ಅಂತ ನೋಡು. ವಶಪಡಿಸಿಕೊಂಡ ದಿನಕ್ಕೂ ಲ್ಯಾಬಿಗೆ ಕಳಿಸಿದ ದಿನಕ್ಕೂ ನಡುವೆ ಅದು ಎಲ್ಲಿತ್ತು ಅನ್ನೋದಕ್ಕೆ ಉತ್ತರ ಬೇಕು. ಇಂಥ ತಪ್ಪು ಸಿಕ್ಕಿದಾಗ ನಮ್ಮ ಹಿರಿಯರು ಇನ್‌ಸ್ಪೆಕ್ಟರ್ ಮೇಲೆ ಕೂಗಾಡ್ತಿರಲಿಲ್ಲ. ಒಂದು ಹಾಳೇಲಿ ಪುಟ ಸಂಖ್ಯೆ ಹಾಕಿ, ಏನು ಕಮ್ಮಿ ಇದೆ ಅಂತ ಬರೆದು ವಾಪಸ್ ಕೊಡೋರು. ಹಾಗಂತ ಮಹಜರನ್ನ ತಿದ್ದಿಸೋ ಮಾತೇ ಇರಲಿಲ್ಲ. ಬಿಟ್ಟುಹೋದ ಹೇಳಿಕೆ, ಹೆಚ್ಚಿನ ದಾಖಲೆ ಇದ್ರೆ ಹೊಸದಾಗಿ ತರಬೇಕು, ಆಗಿರೋ ಕಾಗದ ಆಗಿರೋ ಹಾಗೇ ಇರಬೇಕು. ಆ ಗೆರೆ ಯಾವತ್ತೂ ದಾಟಬೇಡ.

ಇನ್ನು ಕೋರ್ಟ್ ಪಿ.ಸಿ., ಅಂದ್ರೆ ಕೋರ್ಟ್ ಕೆಲಸ ನೋಡ್ಕೊಳ್ಳೋ ಪೊಲೀಸ್ ಕಾನ್‌ಸ್ಟೇಬಲ್. ಅವರಷ್ಟು ಕೆಲಸ ಮಾಡಿ ಅವರಷ್ಟು ಕಮ್ಮಿ ಹೆಸರು ಪಡೆದೋರನ್ನ ನಾನು ಕಾಣೆ. ಸಮನ್ಸ್ 'ಸಾಕ್ಷಿ ಊರಲ್ಲಿಲ್ಲ' ಅಂತ ವಾಪಸ್ ಬಂದಾಗ, ಆ ಮನುಷ್ಯ ಕಾಫಿ ಕೊಯ್ಲಿಗೆ ಹೋಗಿದ್ದಾನೋ, ಮಗಳ ಮನೇಲಿದ್ದಾನೋ, ಬೆದರಿ ಅಡಗಿದ್ದಾನೋ ಅಂತ ಹೇಳೋಕೆ ಆಗೋದು ಅವರಿಗೊಬ್ಬರಿಗೇ. ಬೆದರಿಕೆ ಅಂತ ಗೊತ್ತಾದ್ರೆ ಸುಮ್ಮನಿರಬೇಡ, 2018ರ ಸಾಕ್ಷಿ ರಕ್ಷಣಾ ಯೋಜನೆ ಇದೆ, ಜಿಲ್ಲಾ ಸಮಿತಿಗೆ ಅರ್ಜಿ ಹಾಕಿಸಬಹುದು. ದೂರದಿಂದ ಬಂದ ಸಾಕ್ಷಿಯನ್ನ ಬರಿಗೈಲಿ ವಾಪಸ್ ಕಳಿಸಬೇಡ. ಸಾಕ್ಷಿ ಹಾಜರಿದ್ದಾಗ ವಿಶೇಷ ಕಾರಣ ಇಲ್ಲದೆ ವಾಯಿದೆ ಕೊಡೋ ಹಾಗಿಲ್ಲ ಅಂತ ಕಾನೂನೇ ಹೇಳುತ್ತೆ, ಎದ್ದು ನಿಂತು ಅದನ್ನ ಕೇಳು. ಭತ್ಯೆ ಅವನ ಹಕ್ಕು, ಅದನ್ನೂ ಕೇಳು. ಒಂದು ದಿನದ ಕೂಲಿ ಕಳ್ಕೊಂಡು ಬಂದೋನು ಮೂರು ಸಲ ಸುಮ್ನೆ ವಾಪಸ್ ಹೋದ್ರೆ ನಾಲ್ಕನೇ ಸಲ ಬಂದು 'ನಂಗೇನೂ ಗೊತ್ತಿಲ್ಲ ಸ್ವಾಮಿ' ಅಂತಾನೆ. ಎಲ್ಲ ಪ್ರತಿಕೂಲ ಸಾಕ್ಷಿಯೂ ದುಡ್ಡು ತಿಂದೋನಲ್ಲ.

ಸಾಕ್ಷಿ ತಿರುಗಿಬಿದ್ದ ಅಂತಿಟ್ಕೋ. ಕೋರ್ಟಿನ ಅನುಮತಿ ಪಡೆದು ಪಾಟೀ ಸವಾಲು ಮಾಡ್ತೀಯ, ಪೊಲೀಸರ ಮುಂದೆ ಕೊಟ್ಟ ಹೇಳಿಕೆಯ ಆ ಭಾಗವನ್ನ ಅವನಿಗೆ ಓದಿ ಹೇಳಿ ನಿ.ಪಿ. ನಂಬರ್, ಅಂದ್ರೆ ಪ್ರಾಸಿಕ್ಯೂಷನ್ ದಾಖಲೆಯ ಗುರುತು ಹಾಕಿಸ್ತೀಯ. ಹೊಸಬರು ಅಲ್ಲಿಗೇ ಬಿಡ್ತಾರೆ. ಆಮೇಲೆ ತನಿಖಾಧಿಕಾರಿ ಕಟಕಟೆಗೆ ಬಂದಾಗ 'ಈ ಸಾಕ್ಷಿ ನಿಮ್ಮ ಮುಂದೆ ಹೀಗೆ ಹೇಳಿದ್ರಾ' ಅಂತ ಕೇಳದೇ ಹೋದ್ರೆ ಆ ಭಾಗ ರುಜುವಾತೇ ಆಗಲ್ಲ. ರುಜುವಾತಾದ್ರೂ ಅದು ಸಾಕ್ಷ್ಯ ಅಲ್ಲ, ಅವನ ಮಾತಿನ ನಂಬಿಕೆ ಅಳೆಯೋಕೆ ಮಾತ್ರ. ಅವನು ಕೋರ್ಟಲ್ಲಿ ಒಪ್ಪಿಕೊಂಡ ತುಣುಕು ಮಾತ್ರ ನಿನ್ನ ಕೈಗೆ ಸಿಗುತ್ತೆ. 'ಸಹಿ ನನ್ನದೇ, ಜಾಗ ಅದೇ' ಅಂದ ಅಂದ್ರೆ ಅದನ್ನ ಬಿಡಬೇಡ. ನಮ್ಮ ಬೆಂಚ್ ಕ್ಲರ್ಕುಗಳು ಇಂಥ ನಿ.ಪಿ. ನಂಬರುಗಳನ್ನ ಪ್ರತ್ಯೇಕ ಚೀಟೀಲಿ ಬರೆದು, ತನಿಖಾಧಿಕಾರಿ ವಿಚಾರಣೆ ದಿನ ಮೆಲ್ಲಗೆ ಮುಂದೆ ಸರಿಸೋರು. ಅವರ ಹತ್ರ ನಯವಾಗಿ ಇರು ತಾಯಿ.

ಈಗ ಪಿ.ಪಿ.ಯ ಸ್ವತಂತ್ರ ಬುದ್ಧಿ ಅಂದ್ರೇನು ಅಂತ ನಮ್ಮ ರಾಜ್ಯದ್ದೇ ಒಂದು ಕೇಸು. 2000ದ ಜುಲೈ 30ರಂದು ಗಾಜನೂರಿಂದ ಡಾ. ರಾಜ್‌ಕುಮಾರ್ ಅವರನ್ನ ವೀರಪ್ಪನ್ ಎಳ್ಕೊಂಡು ಹೋದಾಗ ಇಡೀ ನಾಡು ಉಸಿರು ಬಿಗಿ ಹಿಡಿದಿತ್ತು. ಅವರನ್ನ ಬಿಡಿಸೋಕೆ ಅಂತ ವೀರಪ್ಪನ್ ಸಹಚರರ ಮೇಲಿನ ಟಾಡಾ (ಭಯೋತ್ಪಾದನೆ ತಡೆ ಕಾನೂನು) ಆರೋಪ ವಾಪಸ್ ತಗೊಳ್ಳೋಕೆ ಅರ್ಜಿ ಬಿತ್ತು, ಕೆಳ ಕೋರ್ಟು ಒಪ್ಪಿತು. ವೀರಪ್ಪನ್ ಗುಂಪಿನಿಂದ ಹತನಾದ ಸಬ್‌ಇನ್‌ಸ್ಪೆಕ್ಟರ್ ಒಬ್ಬರ ತಂದೆ ಅಬ್ದುಲ್ ಕರೀಂ ಸುಪ್ರೀಂ ಕೋರ್ಟಿಗೆ ಹೋದ್ರು. ನವೆಂಬರ್ 7ರಂದು ಆ ಅನುಮತಿ ರದ್ದಾಯ್ತು. ಸರ್ಕಾರ ಹೇಳಿತು ಅಂತ ಸಹಿ ಹಾಕೋದಲ್ಲ, ಪ್ರಾಸಿಕ್ಯೂಟರ್ ತಾನೇ ಎಲ್ಲ ನೋಡಿ ನಿರ್ಧರಿಸಬೇಕು ಅನ್ನೋದು ತೀರ್ಪಿನ ತಿರುಳು. ಎಷ್ಟು ದೊಡ್ಡ ಒತ್ತಡ ಇದ್ದ ಹೊತ್ತು ಅದು ಅಂತ ಯೋಚನೆ ಮಾಡು. ಈಗ 1974ರ ಕೋಡಿನ ಜಾಗಕ್ಕೆ ಬಂದಿರೋ ಹೊಸ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 360ನೇ ಸೆಕ್ಷನ್ನಲ್ಲಿ, ಕೇಸು ವಾಪಸ್ ತಗೊಳ್ಳೋ ಮುಂಚೆ ನೊಂದವರ ಮಾತು ಕೇಳಲೇಬೇಕು ಅಂತ ಬಂದಿದೆ. ಆ ತಂದೆ ದಿಲ್ಲಿವರೆಗೆ ಹೋಗಿ ಕೇಳಿಸಬೇಕಾಗಿದ್ದ ಮಾತಿಗೆ ಇವತ್ತು ಮೊದಲ ಕೋರ್ಟಲ್ಲೇ ಜಾಗ ಇದೆ. ಬದಲಾಗಿದೆಯಾ ಅಂದ್ಯಲ್ಲ, ಇದು ಬದಲಾವಣೆ.

ಹುಡುಕಾಟ, ಜಪ್ತಿಗೆ ವಿಡಿಯೋ ಕಡ್ಡಾಯ ಆಗಿದೆ, 7 ವರ್ಷ ಮತ್ತು ಅದಕ್ಕೆ ಮೇಲ್ಪಟ್ಟ ಶಿಕ್ಷೆಯ ಅಪರಾಧಕ್ಕೆ ಫೊರೆನ್ಸಿಕ್ ತಜ್ಞರು ಸ್ಥಳಕ್ಕೆ ಬರಬೇಕು. ಇವೂ ಒಳ್ಳೇದೇ. ಆದ್ರೆ ವಿಡಿಯೋ ಇದ್ದು ಅದರ ಜೊತೆ ಹೊಸ ಸಾಕ್ಷ್ಯ ಕಾನೂನಿನ 63(4)ನೇ ಸೆಕ್ಷನ್ ಕೇಳೋ ಎಲೆಕ್ಟ್ರಾನಿಕ್ ದಾಖಲೆಯ ಸರ್ಟಿಫಿಕೇಟ್ ಇಲ್ಲದಿದ್ರೆ ಪ್ರಯೋಜನ ಇಲ್ಲ. ಅದರಲ್ಲಿ ಎ ಭಾಗ, ಬಿ ಭಾಗ ಎರಡೂ ತುಂಬಿರಬೇಕು, ಬಿ ಭಾಗ ತಜ್ಞರು ಕೊಡೋದು. ಹ್ಯಾಶ್ ವ್ಯಾಲ್ಯೂ, ಅಂದ್ರೆ ಆ ಫೈಲಿನ ಬೆರಳಚ್ಚಿನಂಥ ಸಂಕೇತ ಎರಡರಲ್ಲೂ ಒಂದೇ ಇದೆಯಾ ಅಂತ ಅಕ್ಷರ ಅಕ್ಷರ ತಾಳೆ ನೋಡು.

ನನಗೆ ಎಲ್ಲಕ್ಕಿಂತ ಹತ್ತಿರದ ಸುಧಾರಣೆ ವಿಚಾರಣಾಧೀನ ಕೈದಿಗಳದ್ದು. 2006ರಲ್ಲಿ 1974ರ ಕೋಡಿಗೆ 436ಎ ಸೆಕ್ಷನ್ ಬಂದಾಗ ಗರಿಷ್ಠ ಶಿಕ್ಷೆಯ ಅರ್ಧ ಅವಧಿ ಒಳಗಿದ್ರೆ ಬಿಡಬೇಕು ಅಂತಾಯ್ತು. ಈಗ ಹೊಸ ಸಂಹಿತೆಯ 479ರಲ್ಲಿ ಮೊದಲ ಸಲದ ಆರೋಪಿಗೆ ಮೂರನೇ ಒಂದು ಭಾಗ ಸಾಕು. 3 ವರ್ಷದ ಕಳ್ಳತನದ ಕೇಸಲ್ಲಿ ಮುಂಚೆ 18 ತಿಂಗಳು, ಈಗ 12. ಮರಣದಂಡನೆ, ಜೀವಾವಧಿ ಶಿಕ್ಷೆಯ ಅಪರಾಧಕ್ಕೆ ಇದು ಇಲ್ಲ, ಒಂದಕ್ಕಿಂತ ಹೆಚ್ಚು ಕೇಸು ಬಾಕಿ ಇದ್ದೋರಿಗೂ ಇಲ್ಲ. ಜೈಲಿಂದ ಪಟ್ಟಿ ಬಂದಾಗ ನಮ್ಮಲ್ಲಿ ಕೆಲವರು ಕ್ಯಾಲ್ಕುಲೇಟರ್ ಹಿಡಿದು ತಾವೇ ಲೆಕ್ಕ ಹಾಕಿ, 'ಇವನದ್ದು ಆಗಿದೆ, ನಮ್ಮ ಆಕ್ಷೇಪಣೆ ಇಲ್ಲ' ಅಂತ ಎದ್ದು ನಿಂತು ಹೇಳೋರು. ಪ್ರಾಸಿಕ್ಯೂಷನ್ ಕಡೆಯಿಂದ ಆ ಮಾತು ಬಂದಾಗ ಹಿಂದೆ ನಿಂತಿರೋ ತಾಯಂದಿರ ಮುಖ ನೋಡಬೇಕು. ನೀನೂ ಹಾಗೇ ಹೇಳೋಳಾಗು.

ಕೊನೇದಾಗಿ, ನಿನ್ನ ಟೇಬಲ್ ಮೇಲೆ ಹಳೇದು ಹೊಸದು ಎರಡೂ ಕಾನೂನಿನ ಫೈಲ್ ಇರುತ್ತೆ. 2024ರ ಜುಲೈ 1ಕ್ಕೆ ಮುಂಚೆ ನಡೆದ ಅಪರಾಧಕ್ಕೆ ಐ.ಪಿ.ಸಿ.ಯೇ, ಅವತ್ತಿಗೆ ಬಾಕಿ ಇದ್ದ ವಿಚಾರಣೆಗೆ 1974ರ ಕೋಡೇ. 479 ಮಾತ್ರ ಹಳೇ ಕೇಸಿನೋರಿಗೂ ಸಿಗುತ್ತೆ ಅಂತ ಅದೇ ವರ್ಷ ಆಗಸ್ಟಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಫೈಲ್ ಕಟ್ಟು ಬಿಚ್ಚಿದ ತಕ್ಷಣ ತಾರೀಖು ನೋಡಿ ರಟ್ಟಿನ ಮೇಲೆ ಪೆನ್ಸಿಲಲ್ಲಿ 'ಹಳೇದು', 'ಹೊಸದು' ಅಂತ ಬರ್ಕೋ. ಸೋಮವಾರ ಹತ್ತೂವರೆಗೆ ಮುಂಚೆ ಹೋಗಿ ಕೋರ್ಟ್ ಪಿ.ಸಿ. ಹತ್ರ ಸಮನ್ಸ್ ರಿಜಿಸ್ಟರ್ ಕೇಳು, ಸಂಜೆ ನಂಗೆ ಫೋನ್ ಮಾಡು.