‘ಸಿಸ್ಟಂ ಮಾಡಿದ್ದು’ ಅಂದರೆ ಸುದ್ದಿಯಲ್ಲಿ ಯಾರನ್ನು ಕೇಳೋದು?

ಗಡಿ ವರದಿಗಾರ:
ಬೀದರ್ ಜಿಲ್ಲೆಯ ಒಂದು ತಾಲ್ಲೂಕಿನಿಂದ ಪತ್ರಿಕೆಗೆ ಸುದ್ದಿ ಕಳಿಸುತ್ತೇನೆ. ಸಂಬಳ ಇಲ್ಲ, ಸುದ್ದಿಗೆ ಇಷ್ಟು ಅಂತ ಕೊಡುತ್ತಾರೆ. ಇಲ್ಲಿ ಕೆಲವರ ಬಿಪಿಎಲ್ ಕಾರ್ಡ್ ಏಕಾಏಕಿ ಎಪಿಎಲ್ ಆಗಿದೆ. ಅವರಲ್ಲಿ ಒಬ್ಬಾಕೆ ತೊಗರಿ ಕಟಾವಿಗೆ ಕೂಲಿ ಹೋಗುವವರು, ಗಂಡ ಇಲ್ಲ. ಕಚೇರಿಗೆ ಹೋಗಿ ಕೇಳಿದೆ. ಸ್ಕ್ರೀನ್ ನನ್ನ ಕಡೆ ತಿರುಗಿಸಿದರು: ‘ಆದಾಯ ಮಿತಿ ಮೀರಿದೆ’. ಯಾರು ನಿರ್ಧಾರ ಮಾಡಿದ್ದು ಅಂದರೆ, ‘ಸಿಸ್ಟಂ ಮಾಡಿದ್ದು, ನಮ್ಮ ಕೈಲಿಲ್ಲ’.

ಇನ್ನೊಂದು ತಲೆನೋವು ನಮ್ಮ ಕಡೆಯದ್ದೇ. ನನ್ನ ಸುದ್ದಿಯನ್ನು ಡೆಸ್ಕಿನವರು, ಅಂದರೆ ಪತ್ರಿಕೆಯಲ್ಲಿ ಸುದ್ದಿ ತಿದ್ದುವವರು, ಎಐಗೆ ಹಾಕಿ ಚಿಕ್ಕದು ಮಾಡುತ್ತಾರೆ. ‘ಅನರ್ಹರು ಎಂದು ಇಲಾಖೆ ಹೇಳುತ್ತಿರುವವರ ಕಾರ್ಡ್ ಬದಲು’ ಅಂತ ಕಳಿಸಿದ್ದೆ. ‘ಅನರ್ಹರ ಕಾರ್ಡ್ ಬದಲು’ ಅಂತ ಅಚ್ಚಾಯಿತು. ಆಕೆಯ ಮಗ ಅದರ ಫೋಟೋ ತೆಗೆದು ನನಗೇ ವಾಟ್ಸಾಪ್ ಮಾಡಿದ. ಮುಂದಿನ ಸುದ್ದಿ ಹೇಗೆ ಮಾಡಲಿ?

ಹಳೇ ಡೆಸ್ಕ್:
ನಿಮ್ಮ ಗಡಿಯಾಚೆ ತೆಲಂಗಾಣದಲ್ಲಿ ಇದು ಆಗಿಹೋಗಿದೆ. ಅಲ್ಲಿ ‘ಸಮಗ್ರ ವೇದಿಕ’ ಅಂತ ಒಂದು ವ್ಯವಸ್ಥೆ. ಇಲಾಖೆಗಳ ದಾಖಲೆಗಳನ್ನೆಲ್ಲ ಜೋಡಿಸಿ ಯಾರ ಹತ್ತಿರ ಕಾರಿದೆ, ಆಸ್ತಿ ಇದೆ ಅಂತ ಹೇಳುತ್ತದೆ. ಹೈದರಾಬಾದಿನಲ್ಲಿ ರಿಕ್ಷಾ ತುಳಿಯುವ ಒಬ್ಬರಿಗೆ ಕಾರಿದೆ ಅಂತ ಹೇಳಿತು! ಕಾರು ಇದ್ದದ್ದು ಹೆಸರು ಹೋಲುವ ಬೇರೊಬ್ಬರದ್ದು. ಮನೆಗೆ ರೇಷನ್ ನಿಂತಿತು. ರಾಜ್ಯದಲ್ಲಿ ರದ್ದಾಗಿದ್ದ ಸುಮಾರು 19 ಲಕ್ಷ ಕಾರ್ಡುಗಳನ್ನು ಮತ್ತೆ ಪರಿಶೀಲಿಸಿ ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಯಿತು.

2024ರಲ್ಲಿ ಅಲ್ ಜಜೀರಾ ಸುದ್ದಿಸಂಸ್ಥೆಯಲ್ಲಿ ಇದರ ತನಿಖಾ ವರದಿ ಬಂತು. ಸಾಫ್ಟ್‌ವೇರಿನ ಕೋಡ್ ಕೊಡಿ ಅಂತ ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ಹಾಕಿದರೆ, ಅದರ ಹಕ್ಕು ಅದನ್ನು ಮಾಡಿಕೊಟ್ಟ ಕಂಪನಿಯದ್ದು ಅಂತ ಅಧಿಕಾರಿಗಳು ಕೈ ತೊಳೆದುಕೊಂಡರು. ಆದರೂ ವರದಿ ನಿಂತಿತು ಅಲ್ವಾ? ಕೋಡ್ ಇಲ್ಲದೇ ನಿಂತಿತು. ಮನೆಗೆ ಹೋಗಿ ನೋಡಿದ್ದರಿಂದ ನಿಂತಿತು. ಹಾಗಾಗಿ ನೀವೂ ಸುಮ್ನೆ ಕೋಡ್ ಹಿಂದೆ ಓಡಬೇಡಿ. ಆಕೆಯ ಹೆಸರಿಗೆ ಯಾವ ದಾಖಲೆಯ ಆದಾಯ ಜೋಡಿಸಿದ್ದಾರೆ, ಅದನ್ನು ಕೇಳಿ. ಇಲ್ಲಿ ಬಿಪಿಎಲ್‌ಗೆ ವರ್ಷಕ್ಕೆ 1.2 ಲಕ್ಷದ ಮಿತಿ. ಕೂಲಿಯಲ್ಲಿ ಅಷ್ಟು ಹೇಗೆ ಬಂತು ಅಂತ ಅವರೇ ಹೇಳಲಿ.

ಕೋಡ್ ಬರೆಯುವವಳು:
ಒಳಗೆ ಆಗೋದು ಇಷ್ಟೇ: ಎರಡು ಪಟ್ಟಿಯ ಹೆಸರು, ವಿಳಾಸ ‘ಸಾಕಷ್ಟು’ ಹೋಲಿದರೆ ಒಬ್ಬರೇ ಅಂತ ಲೆಕ್ಕ. ಎಷ್ಟು ಹೋಲಿದರೆ ಸಾಕು ಅನ್ನೋದನ್ನು ಮನುಷ್ಯರೇ ಕೂತು ಇಟ್ಟಿರುತ್ತಾರೆ. ವೀರೇಶ, ವಿರೇಶ, ವೀರೇಶಪ್ಪ. ನಿಮ್ಮ ಕಡೆ ಒಂದೇ ಓಣಿಯಲ್ಲಿ ಮೂವರೂ ಸಿಗುತ್ತಾರೆ, ಮನೆ ನಂಬರ್ ಯಾರಿಗೂ ಇರೋದಿಲ್ಲ. ಆ ಮಿತಿ ಇಟ್ಟವರು ಯಾರು, ಹೋಲಿಕೆ ಆದ ಮೇಲೆ ಯಾರಾದರೂ ಮನೆಗೆ ಹೋಗಿ ನೋಡಿದರಾ ಅಂತ ಕೇಳಿ. ‘ಸಿಸ್ಟಂ’ ಅನ್ನೋ ಉತ್ತರ ಅಲ್ಲಿಗೆ ನಿಲ್ಲುತ್ತದೆ.

ಐಂಡ್‌ಹೋವನ್ ಕನ್ನಡಿಗ:
ನಾನಿರುವ ನೆದರ್‌ಲ್ಯಾಂಡ್ಸ್‌ನಲ್ಲಿ ಇಂಥದ್ದಕ್ಕೇ ಸರ್ಕಾರ ಬಿತ್ತು. ಮಕ್ಕಳ ಪಾಲನೆಯ ಸಹಾಯಧನ ಪಡೆದ ಸಾವಿರಾರು ಪೋಷಕರನ್ನು ತೆರಿಗೆ ಇಲಾಖೆ ವಂಚಕರು ಅಂದಿತ್ತು. ವಿದೇಶಿ ಮೂಲದವರ ಮೇಲೆ ಅನುಮಾನ ಜಾಸ್ತಿ. ಟ್ರೌ ಪತ್ರಿಕೆ ಮತ್ತು ಆರ್‌ಟಿಎಲ್ ಸುದ್ದಿವಾಹಿನಿಯ ಇಬ್ಬರು ವರದಿಗಾರರು ವರ್ಷಗಟ್ಟಲೆ ಬಿಡದೆ ಬರೆದರು. 2021ರ ಜನವರಿಯಲ್ಲಿ ಆಗಿನ ಪ್ರಧಾನಿ ರುಟ್ಟೆ ಅವರ ಸಂಪುಟ ರಾಜೀನಾಮೆ ಕೊಟ್ಟಿತು.

ಗಡಿ ವರದಿಗಾರ:
ಇಲ್ಲಿ ಸರ್ಕಾರ ಬೀಳೋದು ಬೇಡ, ಆಕೆಗೆ ಅಕ್ಕಿ ಬಂದರೆ ಸಾಕು. ಅರ್ಜಿ ಹೇಗೆ ಬರೆಯಲಿ?

ಹಳೇ ಡೆಸ್ಕ್:
ಅರ್ಜಿ ಆಕೆಯ ಹೆಸರಲ್ಲೇ ಹಾಕಿಸಿ. ಆರ್‌ಟಿಐ ಕಾಯ್ದೆಯ 4(1)(ಡಿ) ಪ್ರಕಾರ, ನಿರ್ಧಾರದಿಂದ ತೊಂದರೆಯಾದವರಿಗೆ ಕಾರಣ ಕೊಡುವುದು ಕಚೇರಿಯ ಕರ್ತವ್ಯ. ನೀವು ಕೇಳಿದರೆ ‘ಮೂರನೆಯವರ ಮಾಹಿತಿ’ ಅಂತ ವಾಪಸ್ ಕಳಿಸಬಹುದು. ಹತ್ತು ರೂಪಾಯಿ ಶುಲ್ಕ. ಕರ್ನಾಟಕದ ನಿಯಮದಲ್ಲಿ ಒಂದೇ ವಿಷಯ, 150 ಪದದೊಳಗೆ. ಪೀಠಿಕೆ ಹಾಕಬೇಡಿ: ಯಾವ ದಾಖಲೆ, ಆದೇಶಕ್ಕೆ ಸಹಿ ಹಾಕಿದ ಅಧಿಕಾರಿಯ ಹುದ್ದೆ, ಸ್ಥಳ ಪರಿಶೀಲನೆ ವರದಿಯ ಪ್ರತಿ. 30 ದಿನದಲ್ಲಿ ಉತ್ತರ ಬರಬೇಕು.

ಡೆಸ್ಕಿನ ವಿಷಯ: ತಿದ್ದುಪಡಿ ಹಾಕಿ ಅಂತ ಇವತ್ತೇ ಸಂಪಾದಕರಿಗೆ ಇಮೇಲ್ ಮಾಡಿ, ಫೋನ್ ಬೇಡ. ‘ಇಲಾಖೆ ಹೇಳುತ್ತಿರುವ’ ಅನ್ನೋದನ್ನು ಎಐ ತೆಗೆದಿರಬಹುದು. ಪುಟ ಪಾಸ್ ಮಾಡಿದವರು ಒಬ್ಬರು ಇದ್ದೇ ಇದ್ದಾರೆ. ಕಚೇರಿಗೆ ಕೇಳುವ ಪ್ರಶ್ನೆಯನ್ನೇ ಅವರಿಗೂ ಕೇಳಿ.